ಹನ್ನೊಂದು ಪ್ರಾಜೆಕ್ಟಿಗೆ ಒಂದೇ ಲಿಂಟ್ ಸೆಟಪ್, ಕೊನೆಗೂ ಕೂತ್ಕೊಳ್ತು

"ಒಬ್ನೇ ಕೆಲ್ಸ ಮಾಡೋನಿಗೆ ಶೇರ್ಡ್ ಕಾನ್ಫಿಗ್ ಯಾಕೋ, ಕಾಪಿ ಪೇಸ್ಟ್ ಹೊಡ್ಕೊಂಡು ಹೋಗು ಮಗಾ" ಅಂತ ಕುವೆಂಪುನಗರದ ಫ್ರೆಂಡ್ ಒಬ್ಬ ಎರಡು ವರ್ಷದಿಂದ ಆಡ್ಕೊಳ್ತಿದ್ದ. ಲಿಂಟ್ ಅಂದ್ರೆ ಜಾವಾಸ್ಕ್ರಿಪ್ಟ್ ಕೋಡಲ್ಲಿ ತಪ್ಪು ಹಿಡಿಯೋ ಟೂಲು (ನಾನು ಬಳಸೋದು ಇಎಸ್‌ಲಿಂಟ್), ಅದರ ರೂಲ್ಸ್ ಪಟ್ಟಿನೇ ಕಾನ್ಫಿಗ್, ಎಲ್ಲಾ ಪ್ರಾಜೆಕ್ಟಿಗೂ ಒಂದೇ ಇಟ್ರೆ ಶೇರ್ಡ್. ಮೊದ್ಲು ನಾನು ಮಾಡ್ತಿದ್ದಿದ್ದೂ ಕಾಪಿ ಪೇಸ್ಟೇ. ಒಂದ್ರಲ್ಲಿ ಸಿಂಗಲ್ ಕೋಟು, ಇನ್ನೊಂದ್ರಲ್ಲಿ ಡಬಲ್ಲು, ಮತ್ತೊಂದ್ರಲ್ಲಿ ಪ್ರೆಟಿಯರ್ (ಕೋಡಿನ ಜಾಗ, ಕೋಟು, ಕಾಮಾ ಸರಿಮಾಡೋ ಟೂಲು) 3ಕ್ಕೆ ಏರಿಸಿದ ದಿನ ಟ್ರೇಲಿಂಗ್ ಕಾಮಾ (ಪಟ್ಟಿಯ ಕೊನೇ ಕಾಮಾ) ಡೀಫಾಲ್ಟ್ ಬದ್ಲಾಗಿ ಇನ್ನೂರು ಫೈಲು ಕೆಂಪಗೆ ಕೂತಿದ್ವು.

ನಡುವೆ ಒಂದ್ಸಲ, 2022ರಲ್ಲಿ, ಇದನ್ನೆಲ್ಲ ಒಂದೇ ಕಡೆ ಇಡೋಕೆ ಎನ್‌ಪಿಎಂನಲ್ಲಿ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಉಗ್ರಾಣ) ಪ್ರೈವೇಟ್ ಪ್ಯಾಕೇಜ್ ಮಾಡ್ದೆ. ಆಗಿನ್ನೂ ಇಎಸ್‌ಲಿಂಟ್‌ಆರ್‌ಸಿ (ಹಳೇ ಥರದ ಕಾನ್ಫಿಗ್ ಫೈಲು) ಕಾಲ, ಪ್ಲಗಿನ್‌ನ (ಹೆಚ್ಚುವರಿ ರೂಲ್ಸ್ ಕೊಡೋ ಪ್ಯಾಕೇಜು) ನಮ್ಮ ಪ್ಯಾಕೇಜ್ ಒಳಗೆ ಇಟ್ರೂ ಅದು ಹುಡುಕೋದು ಪ್ರಾಜೆಕ್ಟ್ ಫೋಲ್ಡರಿಂದ, ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಸಿಗ್ತಿರ್ಲಿಲ್ಲ, ಪಿಯರ್ ಡಿಪೆಂಡೆನ್ಸಿ (ಪ್ಲಗಿನ್‌ನ ಪ್ರಾಜೆಕ್ಟೇ ಹಾಕ್ಕೊಳ್ಳಲಿ ಅಂತ ಬಿಡೋದು) ಮಾಡಿದ್ರೆ ವರ್ಷನ್ ಜಗಳ. ತಿಂಗಳಿಗೆ 7 ಡಾಲರ್ ಅಂತ ಹತ್ತು ತಿಂಗಳು ಕಟ್ಟಿದೀನಿ, ಆರು ಸಾವಿರದ ಹತ್ರ ನೀರಲ್ಲಿ ಹೋಮ.

2024 ಏಪ್ರಿಲ್‌ಗೆ ಇಎಸ್‌ಲಿಂಟ್ 9 ಬಂತು, ಫ್ಲಾಟ್ ಕಾನ್ಫಿಗ್ (ಹೊಸ ಥರದ ಕಾನ್ಫಿಗ್ ಫೈಲು) ಡೀಫಾಲ್ಟ್ ಆಯ್ತು. ಪ್ಲಗಿನ್‌ನ ನಾವೇ ಇಂಪೋರ್ಟ್ ಮಾಡಿ ಕೊಡೋದ್ರಿಂದ ಆ ಹುಡುಕಾಟದ ರಗಳೆ ಮುಗೀತು. ಈ ಸಲ ಎನ್‌ಪಿಎಂಗೆ ದುಡ್ಡು ಕಟ್ಲಿಲ್ಲ, ಕಾನ್ಫಿಗ್ ಇರೋ ಗಿಟ್ ರೆಪೊನೇ (ಕೋಡ್ ಇಡೋ ಜಾಗ) ಎಲ್ಲಾ ಪ್ರಾಜೆಕ್ಟಿಗೂ ಡಿಪೆಂಡೆನ್ಸಿಯಾಗಿ ಹಾಕ್ದೆ, ಖರ್ಚು ಸೊನ್ನೆ. ರೂಲ್ಸು ಸುಮಾರು ಮೂವತ್ತು ಅಷ್ಟೇ, ಫಾರ್ಮ್ಯಾಟಿಂಗ್ ಪೂರ್ತಿ ಪ್ರೆಟಿಯರ್ ಪಾಲಿಗೆ. ವಾರ್ನಿಂಗ್ ಅನ್ನೋದೇ ಇಲ್ಲ, ಎರರ್ ಇಲ್ಲಾಂದ್ರೆ ಆಫ್, ಯಾಕಂದ್ರೆ ಹಳದಿ ಗೆರೆನ ನಾನಂತೂ ಯಾವತ್ತೂ ಓದಿಲ್ಲ.

ಆದ್ರೆ ಟ್ಯಾಗ್ (ಇಂಥದೇ ವರ್ಷನ್ ಅನ್ನೋ ಗುರುತು) ಹಾಕದೆ, ಯಾವಾಗ್ಲೂ ಬದಲಾಗ್ತಿರೋ ಮೇನ್ ಬ್ರಾಂಚಿಗೇ ಕಟ್ಟಿದ್ದೆ, ಅಲ್ಲೇ ಮುಗ್ಗರಿಸಿದ್ದು. ಮಂಡ್ಯ ಕಡೆಯ ಬೆಲ್ಲದ ವ್ಯಾಪಾರಿ ಒಬ್ರ ಆರ್ಡರ್ ಸೈಟು, 2025ರ ಸಂಕ್ರಾಂತಿ ಹಿಂದಿನ ರಾತ್ರಿ, ಎಳ್ಳು-ಬೆಲ್ಲ ಪ್ಯಾಕಿನ ರೇಟ್ ಬದಲಾಯಿಸ್ಬೇಕು. ಸಂಜೆ ಬೇರೆ ಯಾವ್ದೋ ಪ್ರಾಜೆಕ್ಟಿಗೆ ಅಂತ ಒಂದು ಹೊಸ ರೂಲ್ ಪುಶ್ ಮಾಡಿದ್ದೆ. ಆ ಸೈಟಲ್ಲಿ ವರ್ಷನ್ನು ಬದಲಾಗದ ಹಾಗೆ ಹಿಡಿದಿಡೋ ಲಾಕ್ ಫೈಲು ಗಿಟ್ಟಿಗೇ ಸೇರದ ಹಾಗೆ ಗಿಟ್‌ಇಗ್ನೋರಲ್ಲಿತ್ತು (ಯಾರೋ ಹಳೇ ಪುಣ್ಯಾತ್ಮ ಅಂತ ಬೈಕೊಂಡು ಲಾಗ್ ನೋಡಿದ್ರೆ ನಾನೇ), ಡಿಪ್ಲಾಯ್‌ಗೆ ಫ್ರೆಶ್ ಇನ್‌ಸ್ಟಾಲ್ ಆಗಿ ಹೊಸ ರೂಲ್ ಬಂದು ಅರವತ್ತು ಚಿಲ್ಲರೆ ಎರರ್, ಬಿಲ್ಡ್ ನಿಂತೋಯ್ತು. ಹತ್ತೂವರೆಗೆ ಫೋನು: "ಏನ್ ಸಾ ಇದು, ನಾಳೆ ಹಬ್ಬ ಮಡೀಕಂಡು ಇನ್ನೂ ಹಳೇ ರೇಟೇ ತೋರುಸ್ತಾ ಕುಂತದಲ್ಲ!" ಬಿಲ್ಲಲ್ಲಿ ನಾಲ್ಕು ಸಾವಿರ ಬಿಟ್ಟೆ. ಅವತ್ತಿಂದ ಎಲ್ಲಾ ಕಡೆ ಟ್ಯಾಗ್, ಹೊಸ ರೂಲ್ ಒಂದೇ ಒಂದು ಸೇರಿಸಿದ್ರೂ ಮೇಜರ್ ವರ್ಷನ್ (ಮೊದಲ ಅಂಕಿಯೇ ಏರುತ್ತೆ).

ಇನ್ನೊಂದ್ಸಲ ಪಾರ್ಟ್‌ಟೈಮ್ ಹುಡ್ಗನ ವಿಂಡೋಸ್ ಲ್ಯಾಪ್‌ಟಾಪಲ್ಲಿ ನಾಲ್ಕು ಸಾವಿರ ಎರರ್, ಪ್ರತಿ ಸಾಲಿನ ಕೊನೇಲೂ ಸಿಆರ್ (ವಿಂಡೋಸಲ್ಲಿ ಸಾಲಿನ ಕೊನೇಲಿ ಸೇರೋ, ಕಣ್ಣಿಗೆ ಕಾಣದ ಅಕ್ಷರ) ತೆಗಿ ಅಂತ. ಅವ್ನು ಪಾಪ ಅರ್ಧ ದಿನ ಕೈಯಲ್ಲಿ ತೆಗೀತಾ ಕೂತಿದ್ದ. ಗಿಟ್‌ಆಟ್ರಿಬ್ಯೂಟ್ಸ್ ಫೈಲಲ್ಲಿ ಇಒಎಲ್ ಎಲ್‌ಎಫ್ (ಸಾಲಿನ ಕೊನೇಲಿ ಸಿಆರ್ ಬೇಡ) ಅಂತ ಒಂದು ಸಾಲು ಹಾಕಿ ಫೈಲೆಲ್ಲ ಮತ್ತೆ ಚೆಕ್‌ಔಟ್ ಮಾಡಿಸ್ದೆ, ಮುಗೀತು. ಹಳೇ ಪ್ರಾಜೆಕ್ಟಿಗೆ ಹಾಕೋವಾಗ ಫಾರ್ಮ್ಯಾಟಿಂಗ್‌ನ ಬೇರೇನೇ ಕಮಿಟ್ ಮಾಡಿ ಅದರ ಹ್ಯಾಶ್ (ಕಮಿಟ್ಟಿನ ಗುರುತಿನ ಸಂಖ್ಯೆ) ಬ್ಲೇಮ್ ಇಗ್ನೋರ್ ಫೈಲಿಗೆ ಹಾಕಿಬಿಡಿ, ಇಲ್ದಿದ್ರೆ ಯಾವ ಸಾಲು ಯಾರು ಬರೆದ್ರು ಅಂತ ತೋರಿಸೋ ಬ್ಲೇಮಲ್ಲಿ ಎಲ್ಲಾ ಪಾಪಕ್ಕೂ ನೀವೇ ಹೊಣೆ.

ನಡುವೆ ಬಯೋಮ್ (ಲಿಂಟೂ ಫಾರ್ಮ್ಯಾಟಿಂಗೂ ಒಂದ್ರಲ್ಲೇ ಮಾಡೋ ಬೇರೆ ಟೂಲು) ಕೂಡ ಟ್ರೈ ಮಾಡ್ದೆ. ನಲವತ್ತು ಸೆಕೆಂಡ್ ತಗೊಳ್ತಿದ್ದಿದ್ದು ಕಣ್ಣು ಮಿಟುಕಿಸೋದ್ರೊಳಗೆ ಮುಗೀತು, ಸುಳ್ಳಲ್ಲ. ಆದ್ರೆ ನಾನೇ ಬರ್ಕೊಂಡಿರೋ ರೂಲ್ಸ್‌ನ ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ. ಅದ್ರಲ್ಲಿ ಒಂದರ ಮೇಲೆ ನಂಗೆ ಸ್ವಲ್ಪ ಜಂಬ. ಅದೇ ಬೆಲ್ಲದವ್ರು ಹಿಂದೆ ಒಂದ್ಸಲ ಇನ್‌ವಾಯ್ಸ್ ಹಿಡ್ಕೊಂಡು 150,000 ಅಂದ್ರೆ ಎಷ್ಟು ಸಾ ಅಂತ ಕೇಳಿದ್ರು. ಅಂಕಿಗೆ ಕಾಮಾ ಹಾಕೋ ಟುಲೊಕೇಲ್‌ಸ್ಟ್ರಿಂಗ್‌ಗೆ ಲೊಕೇಲ್ (ಯಾವ ದೇಶದ ಪದ್ಧತಿ ಅಂತ) ಕೊಟ್ಟಿರ್ಲಿಲ್ಲ, ನನ್ನ ಲ್ಯಾಪ್‌ಟಾಪಲ್ಲಿ 1,50,000 ಸರಿಯಾಗೇ ಬರ್ತಿತ್ತು, ಸರ್ವರಲ್ಲಿ ಅಮೆರಿಕಾ ಕಾಮಾ. ಈಗ ಖಾಲಿ ಬ್ರಾಕೆಟ್ ಬಿಟ್ರೆ ಲಿಂಟೇ ಹಿಡ್ಕೊಳುತ್ತೆ. ಇಎಸ್‌ಲಿಂಟಲ್ಲೇ ಇರೋ ನೋ ರಿಸ್ಟ್ರಿಕ್ಟೆಡ್ ಸಿಂಟ್ಯಾಕ್ಸ್ ಅನ್ನೋ ರೂಲಲ್ಲೇ ಆಗುತ್ತೆ, ಸೆಲೆಕ್ಟರ್ (ಎಂಥ ಕೋಡು ಹಿಡೀಬೇಕು ಅನ್ನೋ ನಮೂನೆ) ನೀವೇ ಬರ್ಕೊಳಿ. ಪೈಸೆ ಲೆಕ್ಕಕ್ಕೆ ಇನ್ನೆರಡಿದೆ, ಅದು ಮಾತ್ರ ಹೇಳಲ್ಲ, ಹೊಟ್ಟೆಪಾಡು.

ಈಗ ಹೊಸ ಪ್ರಾಜೆಕ್ಟಿಗೆ ಐದು ನಿಮಿಷ ಸಾಕು, ಮೊದ್ಲು ಅರ್ಧ ದಿನ ಹೋಗ್ತಿತ್ತು. ಕುವೆಂಪುನಗರದವನು ಮೊನ್ನೆ ರೆಪೊ ಆಕ್ಸೆಸ್ ಕೇಳ್ದ, ಸೆಮಿಕೋಲನ್ ಇಲ್ದೇ ಇರೋ ವರ್ಷನ್ ಇದ್ಯಾ ಅಂತ ಬೇರೆ. ಫೋರ್ಕ್ (ನಿಂದೇ ಒಂದು ನಕಲು) ಮಾಡ್ಕೊಳೋ ಅಂದೆ.