ಕೆಡಿಸಿ ಕಲಿತ ನೆಟ್‌ವರ್ಕಿಂಗ್: ಬಾಗಲಕೋಟೆಯ ಒಂದು ಕೋಣೆಯ ಲ್ಯಾಬ್

ಸಿಸ್ಕೊ ಕಂಪನಿಯ ನೆಟ್‌ವರ್ಕ್ ಪ್ರಮಾಣಪತ್ರವಾದ ಸಿಸಿಎನ್‌ಎ ಮುಗಿಸಿದ ಮೇಲೆ ಮುಂದೇನು ಎಂದು ಕೇಳಿಕೊಂಡು ಮುಧೋಳ, ಜಮಖಂಡಿ, ಇಳಕಲ್ ಕಡೆಯ ಹುಡುಗರು ಈಗ ಆಗಾಗ ನನ್ನ ಬಳಿ ಬರುತ್ತಾರೆ. ಇದೇ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ನಾನು ಬೆಳಗಾವಿ, ಹುಬ್ಬಳ್ಳಿಯ ಹಿರಿಯರ ಮುಂದಿಟ್ಟಾಗ ಎಲ್ಲರೂ ಹೇಳಿದ್ದು ಒಂದೇ: ಮುಂದಿನ ಸರ್ಟಿಫಿಕೇಟಿಗೆ ಹಣ ಕಟ್ಟು. ನಾನು ಆ ಹಣವನ್ನು ಹಳೆಯ ಸ್ವಿಚ್ಚು, ರೌಟರುಗಳಿಗೆ ಹಾಕಿ, ಸರಿಯಾಗಿ ನಡೆಯುತ್ತಿರುವ ನೆಟ್‌ವರ್ಕನ್ನು ಬೇಕೆಂದೇ ಕೆಡಿಸಿ ದುರಸ್ತಿ ಮಾಡುವ ಅಭ್ಯಾಸಕ್ಕೆ ಇಳಿದೆ. ‘ಹಳೆ ಡಬ್ಬಿ ಕೂಡಿಸ್ಕೊಂಡು ಏನ್ ಮಾಡ್ತಿಯೋ’ ಎಂದವರೇ ಆಗ ಹೆಚ್ಚು. ಇಂದು ಒಂದು ಸಕ್ಕರೆ ಕಾರ್ಖಾನೆ, ಒಂದೆರಡು ಕಾಲೇಜು ಮತ್ತು ಪತ್ತಿನ ಸಹಕಾರಿ ಸಂಘಗಳ ಇಪ್ಪತ್ತರಷ್ಟು ಶಾಖೆಗಳ ನೆಟ್‌ವರ್ಕ್ ನನ್ನ ವಾರ್ಷಿಕ ಒಪ್ಪಂದದಲ್ಲಿದೆ. ಅಂದು ಆ ಮಾತು ಆಡಿದವರಲ್ಲೇ ಇಬ್ಬರು ತಮ್ಮ ಹುಡುಗರನ್ನು ಕಲಿಯಲು ಇಲ್ಲಿಗೆ ಕಳುಹಿಸುತ್ತಾರೆ. ಆದ್ದರಿಂದ ಮಾಡಿದ್ದನ್ನು ಬರೆದಿಡುವ ಧೈರ್ಯ ಬಂದಿದೆ.

ಪ್ರಮಾಣಪತ್ರದ ಓದನ್ನು ನಾನು ಹಗುರವಾಗಿ ಕಾಣುವುದಿಲ್ಲ. 2020ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಸಿಸಿಎನ್‌ಎಯ 200-301 ಪರೀಕ್ಷೆಗೆ ಓದಿದ್ದರಿಂದಲೇ ಸಬ್‌ನೆಟ್, ವಿಎಲ್ಯಾನ್, ಸ್ಪ್ಯಾನಿಂಗ್ ಟ್ರೀ, ಒಎಸ್‌ಪಿಎಫ್‌ನಂಥ ನೆಟ್‌ವರ್ಕ್ ಕಟ್ಟುವ ಮೂಲ ವಿಷಯಗಳು ನನಗೆ ಕರಗತವಾದವು. ಆದರೆ ಆ ಓದಿನಲ್ಲಿ ಎಲ್ಲ ಸಾಧನಗಳ ಕಾನ್ಫಿಗರೇಶನ್ ಕಣ್ಣೆದುರಿಗೇ ಇರುತ್ತದೆ. ಗಿರಾಕಿಯ ಕಟ್ಟಡದಲ್ಲಿ ಸ್ವಿಚ್ಚಿನ ಪಾಸ್‌ವರ್ಡ್ ಗೊತ್ತಿದ್ದವನು ಕೆಲಸ ಬಿಟ್ಟು ಹೋಗಿರುತ್ತಾನೆ, ರೌಟರ್ ಇಂಟರ್‌ನೆಟ್ ಕಂಪನಿಯದಾಗಿರುತ್ತದೆ, ಸರ್ವರ್ ಇನ್ನಾವುದೋ ಊರಿನಲ್ಲಿರುತ್ತದೆ. ನಮಗೆ ದಕ್ಕುವುದು ಗೋಡೆಯ ಮೇಲಿನ ಒಂದು ಪೋರ್ಟ್ ಮತ್ತು ‘ಸರ, ಪಿಂಗ್ ಬರಾಕತ್ತೈತಿ, ಆದ್ರ ರಿಪೋರ್ಟ್ ತೆರಿವಲ್ದು’ ಎಂಬ ಒಂದು ಮಾತು (ಪಿಂಗ್ ಎಂದರೆ ಆಚೆಯ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಸಣ್ಣ ಪರೀಕ್ಷೆ). ಅಂಥ ಕಡೆ ತಂತಿಯ ಮೇಲೆ ಹರಿಯುತ್ತಿರುವುದನ್ನು ಓದಲು ಬಂದವನಿಗೆ ಮಾತ್ರ ಕೆಲಸ ಸಾಗುತ್ತದೆ, ಉಳಿದವರು ರೌಟರನ್ನು ಆಫ್ ಮಾಡಿ ಆನ್ ಮಾಡುವುದರಲ್ಲೇ ದಿನ ಕಳೆಯುತ್ತಾರೆ.

ಮೊದಲು ಖರ್ಚಿನ ಲೆಕ್ಕ. ಸಿಸಿಎನ್‌ಎ ಪರೀಕ್ಷೆಗೆ ಆಗ 300 ಡಾಲರ್ ಶುಲ್ಕ, ತೆರಿಗೆ ಸೇರಿ 26–27 ಸಾವಿರ ರೂಪಾಯಿ ಬಿದ್ದಿತ್ತು, ಮೂರು ವರ್ಷಕ್ಕೆ ಪ್ರಮಾಣಪತ್ರದ ಅವಧಿಯೂ ಮುಗಿಯುತ್ತದೆ. ಲ್ಯಾಬಿಗೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಸಿಸ್ಕೊ 2960 ಮಾದರಿಯ ಎರಡು ಹಳೆಯ ಸ್ವಿಚ್‌ಗಳನ್ನು ತರಿಸಿದೆ, ಒಂದೊಂದಕ್ಕೆ ನಾಲ್ಕೂವರೆ ಸಾವಿರದಷ್ಟಾಯಿತು. ಕಚೇರಿಯೊಂದು ಮಾರಿದ ಹಳೆಯ ಐ5 ಕಂಪ್ಯೂಟರಿಗೆ 16 ಜಿಬಿ ರ‍್ಯಾಮ್ ಹಾಕಿಸಿದ್ದು ಎಲ್ಲ ಸೇರಿ ಹನ್ನೆರಡು ಸಾವಿರ. ಎರಡು ಸಣ್ಣ ಮೈಕ್ರೊಟಿಕ್ ರೌಟರುಗಳಿಗೆ ನಾಲ್ಕು ಸಾವಿರ ಚಿಲ್ಲರೆ. ಒಟ್ಟು ಒಂದು ಪರೀಕ್ಷೆಯ ಶುಲ್ಕದ ಆಸುಪಾಸಿನಲ್ಲೇ ಲ್ಯಾಬ್ ನಿಂತಿತು, ಅದು ಇಂದಿಗೂ ದುಡಿಯುತ್ತಿದೆ.

ದುಡ್ಡು ವ್ಯರ್ಥವಾದದ್ದೂ ಇದೆ. ಒಂದು ಸ್ವಿಚ್ಚಿನ ಪವರ್ ಸಪ್ಲೈ ಮೊದಲ ಬೇಸಿಗೆಯಲ್ಲೇ ವೋಲ್ಟೇಜ್ ಏರಿಳಿತಕ್ಕೆ ಸುಟ್ಟುಹೋಯಿತು. ಅದರ ದುರಸ್ತಿಗೆ ಕೇಳಿದ ಹಣಕ್ಕೆ ಇನ್ನೊಂದು ಹಳೆಯ ಸ್ವಿಚ್ಚೇ ಬರುತ್ತಿತ್ತು. ನೆಟ್‌ವರ್ಕಿನಲ್ಲಿ ಹರಿಯುವ ಡೇಟಾ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಹಿಡಿಯಲು ಹಳೆಯ ಹಬ್ ಒಳ್ಳೆಯದೆಂಬ ಮಾತು ಕೇಳಿ ಒಂದನ್ನು ತರಿಸಿದರೆ, ಅದು 10 ಎಂಬಿಪಿಎಸ್‌ನದು. ನಡುವೆ ಅದನ್ನು ಕೂಡಿಸಿದ ತಕ್ಷಣ ನೆಟ್‌ವರ್ಕಿನ ವರ್ತನೆಯೇ ಬದಲಾಗಿ, ಹುಡುಕುತ್ತಿದ್ದ ದೋಷ ಮಾಯವಾಗುತ್ತಿತ್ತು. ಕೊನೆಗೆ ಟಿಪಿ-ಲಿಂಕ್ ಕಂಪನಿಯ ಎಸ್‌ಜಿ105ಇ ಎಂಬ ಐದು ಪೋರ್ಟಿನ ಸ್ವಿಚ್ ತಂದೆ. ಒಂದು ಪೋರ್ಟಿನ ಟ್ರಾಫಿಕ್ಕಿನ ನಕಲನ್ನು ಇನ್ನೊಂದಕ್ಕೆ ಕೊಡುವ ಪೋರ್ಟ್ ಮಿರರಿಂಗ್ ಇರುವ ಈ ಅಂಗೈಯಗಲದ ಪೆಟ್ಟಿಗೆಗೆ ಎರಡೂವರೆ ಸಾವಿರದೊಳಗೆ ಬಿತ್ತು, ನನ್ನ ಚೀಲದಲ್ಲಿ ಅತಿ ಹೆಚ್ಚು ಸಂಪಾದಿಸಿಕೊಟ್ಟ ಸಾಧನವೂ ಇದೇ. ಗಿರಾಕಿಯ ಬಳಿ ಮೈಕ್ರೊಟಿಕ್ ರೌಟರ್ ಇದ್ದರೆ ಇದೂ ಬೇಡ, ಅದರೊಳಗಿನ ಪ್ಯಾಕೆಟ್ ಸ್ನಿಫರ್ ನೇರವಾಗಿ ನಮ್ಮ ಲ್ಯಾಪ್‌ಟಾಪಿನಲ್ಲಿ ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್ ತಂತ್ರಾಂಶಕ್ಕೆ ಟ್ರಾಫಿಕ್ ಕಳುಹಿಸುತ್ತದೆ. ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಪರೀಕ್ಷೆಯ ತಯಾರಿಗೆ ಸಾಕು, ಆದರೆ ಅದು ಸಾಧನದ ಅನುಕರಣೆಯಷ್ಟೇ, ನಿಜವಾದ ಟ್ರಾಫಿಕ್ ಅದರಲ್ಲಿ ಹರಿಯುವುದಿಲ್ಲ. ನಿಜವಾದ ಸಿಸ್ಟಮ್‌ಗಳನ್ನೇ ಓಡಿಸುವ ಜಿಎನ್‌ಎಸ್3 ಮತ್ತು ಇವಿಇ-ಎನ್‌ಜಿಯ ಉಚಿತ ಆವೃತ್ತಿ ನನ್ನ ಉಪಯೋಗಕ್ಕೆ ಬಂದವು.

ಇನ್ನು ಅಭ್ಯಾಸದ ವಿಷಯ. ಆಗ ಡಿಪ್ಲೊಮಾ ಓದುತ್ತಿದ್ದ ಅಕ್ಕನ ಮಗನನ್ನು ಕೆಡಿಸುವ ಕೆಲಸಕ್ಕೆ ನೇಮಿಸಿಕೊಂಡೆ. ಸಂಜೆ ನಾನು ಕೋಣೆಯಿಂದ ಹೊರಗೆ ಹೋಗುತ್ತಿದ್ದೆ, ಅವನು ಒಂದು ದೋಷ ಇಡುತ್ತಿದ್ದ, ಬಂದು ಹುಡುಕುವುದು ನನ್ನ ಪಾಲು. ಕಟ್ಟುಪಾಡುಗಳು ಬಿಗಿಯಾಗಿದ್ದವು: ಯಾವುದನ್ನೂ ರೀಸ್ಟಾರ್ಟ್ ಮಾಡುವಂತಿಲ್ಲ, ಕಾನ್ಫಿಗರೇಶನ್ ತೆರೆದು ನೋಡುವಂತಿಲ್ಲ, ದೋಷ ಇಂಥದೇ ಎಂದು ಹೇಳುವ ಮೊದಲು ಕ್ಯಾಪ್ಚರ್ (ಹಿಡಿದಿಟ್ಟ ಪ್ಯಾಕೆಟ್‌ಗಳ ದಾಖಲೆ) ಅಥವಾ ಸಾಧನದೊಳಗಿನ ಎಣಿಕೆಯ ಕೌಂಟರಿನಲ್ಲಿ ಅದರ ಸಾಕ್ಷಿಯನ್ನು ಬೆರಳಿಟ್ಟು ತೋರಿಸಬೇಕು. ಮೂರನೆಯದೇ ಮುಖ್ಯವಾದದ್ದು. ಊಹೆ ಸರಿಯಿದ್ದರೂ ಸಾಕ್ಷಿಯಿಲ್ಲದಿದ್ದರೆ ಆ ದಿನದ ಲೆಕ್ಕದಲ್ಲಿ ಸೋಲೇ ಎಂದು ಬರೆದುಕೊಳ್ಳುತ್ತಿದ್ದೆವು.

ಎರಡು ಯಂತ್ರಗಳಿಗೆ ಒಂದೇ ಐಪಿ ವಿಳಾಸ ಕೊಡುವುದು, ಮೂಲೆಯಲ್ಲಿ ಆ ವಿಳಾಸ ಹಂಚುವ ಇನ್ನೊಂದು ಡಿಎಚ್‌ಸಿಪಿ ಸರ್ವರ್ ಹಚ್ಚುವುದು ಮೊದಮೊದಲ ದೋಷಗಳು, ಅವು ಬೇಗ ಸಿಗುತ್ತಿದ್ದವು. ಬರಬರುತ್ತ ಹುಡುಗ ಪಳಗಿದ. ಕೇಬಲ್ಲಿನಲ್ಲಿ 100 ಎಂಬಿಪಿಎಸ್‌ಗೆ ಬೇಡದ ಒಂದು ಜೋಡಿ ತಂತಿಯನ್ನು ಮಾತ್ರ ಕತ್ತರಿಸಿಟ್ಟರೆ ಗಿಗಾಬಿಟ್ ಲಿಂಕ್ 100ಕ್ಕೆ ಇಳಿದು ಸುಮ್ಮನೆ ನಡೆಯುತ್ತದೆ, ಏಕೆಂದರೆ ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ಲಿನಕ್ಸಿನ ಟಿಸಿ ನೆಟೆಮ್ ಎಂಬ ಕಮಾಂಡ್ ಬಳಸಿ ನೂರಕ್ಕೆ ಎರಡು ಪ್ಯಾಕೆಟ್ ಬೀಳುವಂತೆ ಮಾಡುತ್ತಿದ್ದ. ಒಮ್ಮೆ ‘ಮಾಮಾ, ಇವತ್ತ ಸಿಗೂದಿಲ್ಲ ನೋಡ್ರಿ’ ಎಂದು ಹೇಳಿಯೇ ಇಟ್ಟ ದೋಷ ನೆನಪಿದೆ: ಪುಟಗಳು ಕೆಲ ಹೊತ್ತು ತಡೆದು ತೆರೆಯುತ್ತಿದ್ದವು, ತೆರೆದ ಮೇಲೆ ವೇಗ ಪೂರ್ತಿ ಇರುತ್ತಿತ್ತು. ಕ್ಯಾಪ್ಚರಿನ ಸಮಯದ ಅಂಕಣ ನೋಡಿದರೆ ಜಾಲತಾಣದ ಹೆಸರಿಗೆ ಐಪಿ ವಿಳಾಸ ಹೇಳುವ ಮೊದಲ ಡಿಎನ್‌ಎಸ್ ಸರ್ವರಿಗೆ ಹೋದ ಪ್ರಶ್ನೆಗೆ ಉತ್ತರವಿಲ್ಲ, ಸರಿಯಾಗಿ 5 ಸೆಕೆಂಡ್ ಆದ ಮೇಲೆ ಅದೇ ಪ್ರಶ್ನೆ ಎರಡನೆಯ ಸರ್ವರಿಗೆ. ಈ ಪ್ರಶ್ನೆ ಕೇಳುವ ಲಿನಕ್ಸ್ ರಿಸಾಲ್ವರ್ ಮೊದಲಿಗೆ ಕಾಯುವ ಅವಧಿ ಅಷ್ಟೇ. ಅಂದಿನಿಂದ ಯಾರಾದರೂ ನೆಟ್ ಸ್ಲೋ ಎಂದರೆ, ಎಷ್ಟು ಸೆಕೆಂಡ್ ತಡ, ಪ್ರತಿ ಸಲವೂ ಅಷ್ಟೇ ತಡವೇ ಎಂದು ಮೊದಲು ಕೇಳುತ್ತೇನೆ. ತಡ ಒಂದೇ ಅಳತೆಯದಾಗಿದ್ದರೆ ಅದು ಯಾವುದೋ ಟೈಮರಿನದು, ಲೈನಿನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಲ್ಯಾಬಿನಾಚೆ ಇನ್ನೊಂದು ರೂಢಿ ಬೆಳೆಸಿಕೊಂಡೆ. ಹೊಸ ಗಿರಾಕಿಯ ಒಪ್ಪಂದವಾದ ಕೂಡಲೇ, ಎಲ್ಲವೂ ಸರಿಯಿರುವ ದಿನವೇ ಹೋಗಿ ಒಂದು ತಾಸಿನ ಕ್ಯಾಪ್ಚರ್ ತೆಗೆದಿಡುತ್ತೇನೆ. ಗಟ್ಟಿ ಮೈಯ ನಾಡಿ ಹಿಡಿದು ನೋಡದವನಿಗೆ ಜ್ವರದ ನಾಡಿ ತಿಳಿಯುವುದು ಹೇಗೆ? ಇದಕ್ಕೆ ಲಿಖಿತ ಒಪ್ಪಿಗೆ ಪಡೆಯುತ್ತೇನೆ ಮತ್ತು ಪ್ರತಿ ಪ್ಯಾಕೆಟ್ಟಿನ ಮೊದಲ 96 ಬೈಟ್‌ಗಳನ್ನಷ್ಟೇ ಉಳಿಸುವಂತೆ, ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪಿಗೆ ಹೇಳುತ್ತೇನೆ. ವಿಳಾಸವಿರುವ ತಲೆಭಾಗ, ಅಂದರೆ ಹೆಡರ್ ಸಾಕು, ಜನರ ಲೆಕ್ಕಪತ್ರ ನಮಗೇಕೆ? ಯಾವಾಗಲೋ ಬಂದು ಹೋಗುವ ದೋಷವಿದ್ದರೆ ಹಳೆಯದನ್ನು ಅಳಿಸುತ್ತ ಹೊಸದನ್ನು ಬರೆಯುವ ಡಂಪ್‌ಕ್ಯಾಪಿನ ರಿಂಗ್ ಬಫರ್ ಹಚ್ಚಿ, ತಲಾ 100 ಎಂಬಿಯ ಇಪ್ಪತ್ತು ಫೈಲು ತಿರುಗುತ್ತಿರಲಿ ಎಂದು ಬಿಟ್ಟು ಬರುತ್ತೇನೆ. ಒಳ್ಳೆಯ ದಿನದ ಕ್ಯಾಪ್ಚರನ್ನೂ ಕೆಟ್ಟ ದಿನದ್ದನ್ನೂ ಪಕ್ಕಪಕ್ಕಕ್ಕೆ ಹಾಕಿ ವ್ಯತ್ಯಾಸ ಹೆಕ್ಕುವ ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ, ನನ್ನ ಅನ್ನ ಅದರಲ್ಲಿರುವುದರಿಂದ ಅದನ್ನು ಇಲ್ಲಿ ಕೊಡುವುದಿಲ್ಲ.

ಈ ದಾರಿಗೆ ಮೊದಲ ಮನ್ನಣೆ ತಂದದ್ದು ಬಾದಾಮಿ ಕಡೆಯ ಒಂದು ಪತ್ತಿನ ಸಂಘದ ಶಾಖೆ. ಅಲ್ಲಿ ಲಾಗಿನ್ ಪುಟ ತಕ್ಷಣ ತೆರೆಯುತ್ತಿತ್ತು, ಖಾತೆದಾರರ ಹೆಸರು ಹುಡುಕಿದರೆ ಸಿಗುತ್ತಿತ್ತು, ಆದರೆ ದಿನದ ವರದಿ ಕೇಳಿದರೆ ಪರದೆ ಬೆಳ್ಳಗೆ ನಿಂತುಬಿಡುತ್ತಿತ್ತು. ಲೈನ್ ಕೊಟ್ಟವರು ಸ್ಪೀಡ್ ಟೆಸ್ಟ್ ತೋರಿಸಿ ತಮ್ಮದು ಸರಿಯಿದೆ ಎಂದರು. ಸಾಫ್ಟ್‌ವೇರಿನವರು ಉಳಿದ ಶಾಖೆಗಳಲ್ಲಿ ಸರಿಯಿದೆ ಎಂದರು. ಎರಡೂ ಮಾತು ನಿಜವೇ ಆಗಿದ್ದವು, ವಾರಗಟ್ಟಲೆ ಜಗ್ಗಾಟ ನಡೆದದ್ದು ಅದಕ್ಕೇ. ಕ್ಯಾಪ್ಚರಿನಲ್ಲಿ, ಸಂಪರ್ಕ ಶುರುಮಾಡುವ ಸಿನ್ ಪ್ಯಾಕೆಟ್ ಎಂಎಸ್ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವ ಡೇಟಾದ ಮಿತಿ) 1460 ಎಂದು ಸಾರುತ್ತಿತ್ತು, ಸಂಪರ್ಕ ಕುದುರಿಸುವ ಹ್ಯಾಂಡ್‌ಶೇಕ್ ಮುಗಿಯುತ್ತಿತ್ತು, ವರದಿಯ ಬೇಡಿಕೆಗೆ ಸರ್ವರಿನಿಂದ ಒಪ್ಪಿಗೆಯೂ ಬರುತ್ತಿತ್ತು. ಆಮೇಲೆ ಬಂದ ಮೊದಲ ಡೇಟಾ ಪ್ಯಾಕೆಟ್ ವರದಿಯ ಬಾಲ! ಅದರ ಹಿಂದಿನ ಸೆಗ್ಮೆಂಟ್ ಸಿಕ್ಕಿಲ್ಲವೆಂದು ವೈರ್‌ಶಾರ್ಕ್ ಕಪ್ಪು ಸಾಲಿನಲ್ಲಿ ಬರೆಯುತ್ತಿತ್ತು. ದೊಡ್ಡ ಪ್ಯಾಕೆಟ್‌ಗಳೆಲ್ಲ ದಾರಿಯಲ್ಲಿ ಬಿದ್ದು, ಕೊನೆಯ ಗಿಡ್ಡ ಪ್ಯಾಕೆಟ್ ಮಾತ್ರ ದಾಟಿ ಬಂದಿತ್ತು.

ಶಾಖೆಯ ಲೈನ್ ಪಿಪಿಪಿಒಇ, ಅಂದರೆ ಬ್ರಾಡ್‌ಬ್ಯಾಂಡಿಗೆ ಲಾಗಿನ್ ಆಗಿ ಸೇರುವ ಬಗೆಯದು. ಅದರ 8 ಬೈಟ್ ಹೆಡರಿನಿಂದಾಗಿ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1500ರ ಬದಲು 1492. ತುಣುಕು ಮಾಡಬಾರದೆಂಬ ಡಿಎಫ್ ಬಿಟ್ ಹಚ್ಚಿ ಪಿಂಗ್ ಮಾಡಿದರೆ 1464 ಬೈಟ್ ದಾಟುತ್ತಿತ್ತು, ಒಂದು ಹೆಚ್ಚಾದರೂ ಇಲ್ಲ; 1464ಕ್ಕೆ ಐಪಿ ಮತ್ತು ಐಸಿಎಂಪಿ (ಪಿಂಗ್ ಹಾಗೂ ದೋಷ ಸಂದೇಶಗಳನ್ನು ಒಯ್ಯುವ ಪ್ರೋಟೋಕಾಲ್) ಹೆಡರುಗಳ 28 ಕೂಡಿಸಿದರೆ 1492 ಆಗುತ್ತದೆ. ಪ್ಯಾಕೆಟ್ ದೊಡ್ಡದಾಯಿತೆಂದು ದಾರಿಯ ರೌಟರ್ ಕಳುಹಿಸುವ ಐಸಿಎಂಪಿ ಸಂದೇಶವನ್ನು ಸರ್ವರಿನ ಕಡೆಯ ಫೈರ್‌ವಾಲ್ ಒಳಗೆ ಬಿಡುತ್ತಿರಲಿಲ್ಲ, ಹೀಗಾಗಿ ಸರ್ವರಿಗೆ ವಿಷಯವೇ ಮುಟ್ಟುತ್ತಿರಲಿಲ್ಲ. ಶಾಖೆಯ ಹಳೆಯ ರೌಟರಿನಲ್ಲಿ ಎಂಎಸ್ಎಸ್ ಅನ್ನು 1452ಕ್ಕೆ ತಗ್ಗಿಸುವ ಒಂದು ಸಾಲು ಹಾಕಿದೆ, ವರದಿ ತೆರೆಯಿತು. ಆ ದಿನದ ಕೆಲಸಕ್ಕೆ ಮೂರು ಸಾವಿರ ಕೊಟ್ಟರು, ತಿಂಗಳೊಪ್ಪತ್ತಿನಲ್ಲಿ ಉಳಿದ ಶಾಖೆಗಳ ಒಪ್ಪಂದವೂ ಬಂತು.

ವೈರ್‌ಶಾರ್ಕ್ ಕಲಿತರೆ ಎಲ್ಲ ಕಲಿತಂತೆ ಎಂದು ಹೇಳುವವರಿಗೆ ನಾನು ಕಾರ್ಖಾನೆಯ ಕಾಟಾದ, ಅಂದರೆ ಗಾಡಿ ತೂಗುವ ಕಟ್ಟೆಯ, ಪ್ರಕರಣ ಹೇಳುತ್ತೇನೆ. ಹಂಗಾಮಿನ ನಡುವೆ, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯವರೆಗೆ ಸಾಲುಗಟ್ಟಿ ನಿಂತಾಗ, ತೂಕದ ಚೀಟಿ ಮತ್ತು ಗಾಡಿಯ ಫೋಟೊ ಕಚೇರಿಗೆ ಮುಟ್ಟಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಪಿಂಗ್ ಮಾತ್ರ 1 ಮಿಲಿಸೆಕೆಂಡ್. ವೇಗ ಅಳೆಯುವ ಐಪರ್ಫ್3 ಓಡಿಸಿದರೆ 100 ಎಂಬಿಪಿಎಸ್ ಲಿಂಕಿನಲ್ಲಿ ಎರಡು ಮೂರಕ್ಕಿಂತ ಮೇಲೆ ಏರಲಿಲ್ಲ. ಕ್ಯಾಪ್ಚರಿನಲ್ಲಿ ಮರುಕಳುಹಿಕೆ ಕಾಣುತ್ತಿತ್ತೇ ಹೊರತು ಕಾರಣ ಕಾಣುತ್ತಿರಲಿಲ್ಲ, ಏಕೆಂದರೆ ಕೆಟ್ಟ ಫ್ರೇಮ್‌ಗಳನ್ನು ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡೇ ಎಸೆದುಬಿಡುತ್ತದೆ, ಅವು ವೈರ್‌ಶಾರ್ಕಿನವರೆಗೆ ಬರುವುದೇ ಇಲ್ಲ. ಸ್ವಿಚ್‌ಗಳ ಕೌಂಟರ್ ತೆಗೆದು ನೋಡಿದರೆ ಕಚೇರಿಯ ಕಡೆ ಲೇಟ್ ಕೊಲಿಜನ್ (ತಡವಾಗಿ ಆಗುವ ಡಿಕ್ಕಿ), ಕಾಟಾ ಕೋಣೆಯ ಕಡೆ ಸಿಆರ್‌ಸಿ (ಕೆಟ್ಟು ಬಂದ ಫ್ರೇಮ್) ಏರುತ್ತಲೇ ಇವೆ. ಕಾಟಾ ಕೋಣೆಯ ಹಳೆಯ ಸ್ವಿಚ್ಚಿನ ಪೋರ್ಟನ್ನು ಯಾರೋ 100 ಫುಲ್ ಎಂದು, ಅಂದರೆ ಎರಡೂ ದಿಕ್ಕಿಗೆ ಏಕಕಾಲಕ್ಕೆ ಸಾಗುವಂತೆ, ಕಟ್ಟಿಟ್ಟಿದ್ದರು. ಕಚೇರಿಗೆ ಹೊಸದಾಗಿ ಬಂದ ಸ್ವಿಚ್ ಆಟೊದಲ್ಲಿದ್ದು, ಎದುರಿನಿಂದ ಉತ್ತರ ಸಿಗದೆ, ಒಮ್ಮೆಗೆ ಒಂದೇ ದಿಕ್ಕಿಗೆ ಸಾಗುವ ಹಾಫ್ ಡುಪ್ಲೆಕ್ಸಿಗೆ ಇಳಿದಿತ್ತು. ಎರಡನ್ನೂ ಆಟೊ ಮಾಡಿದ ಮೇಲೆ ವೇಗ ತೊಂಬತ್ತು ದಾಟಿತು. ಕೇಬಲ್ ಬದಲಿಸಲು ಹದಿನೆಂಟು ಸಾವಿರದ ಕೊಟೇಶನ್ ಅದಾಗಲೇ ಮೇಜಿನ ಮೇಲಿತ್ತು.

ಮಧ್ಯೆ ಒಂದು ಬೇರೆ ಪ್ರಯೋಗಕ್ಕೂ ಕೈ ಹಾಕಿದೆ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ತುಂಬಿಕೊಂಡು ಬರುವ ಜಾಗದಲ್ಲಿ, ಈ ದಡದ ಮಾಳಿಗೆಯಿಂದ ಆ ದಡದ ತೋಟದ ಮನೆಗೆ ಸುಮಾರು ಮೂರು ಕಿಲೋಮೀಟರ್ ದೂರದ 5 ಗಿಗಾಹರ್ಟ್ಸ್ ಲಿಂಕ್ ಕಟ್ಟಿದ್ದೆವು. ಬೇಸಿಗೆಯಲ್ಲಿ ಸಿಗ್ನಲ್ ಮೈನಸ್ 58 ಡಿಬಿಎಂನಷ್ಟು ಗಟ್ಟಿ (ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ). ಮಳೆಗಾಲ ಮುಗಿಯುವ ಹೊತ್ತಿಗೆ ಜಲಾಶಯ 519.60 ಮೀಟರಿನ ಪೂರ್ಣ ಮಟ್ಟದ ಹತ್ತಿರ ಬಂದಾಗ ಅದು ಮೈನಸ್ 70ರವರೆಗೆ ಹೊಯ್ದಾಡುತ್ತಿತ್ತು. ರೇಡಿಯೊ ಕೆಟ್ಟಿದೆ ಎಂದು ಎಲ್ಲರೂ ಹೇಳಿದರು. ಪಿಂಗಿನ ಏರಿಳಿತ ದಾಖಲಿಸುವ ಸ್ಮೋಕ್‌ಪಿಂಗ್ ಹಚ್ಚಿ ತಿಂಗಳುಗಟ್ಟಲೆ ನಕ್ಷೆ ತೆಗೆದು, ನೀರಿನ ಮಟ್ಟದ ಪಕ್ಕಕ್ಕಿಟ್ಟು ನೋಡಿದಾಗ ಎರಡೂ ಕೂಡಿಯೇ ಕುಣಿಯುತ್ತಿದ್ದವು: ನೀರಿನ ಮೇಲ್ಮೈಗೆ ಬಡಿದು ಬರುವ ಅಲೆ ನೇರ ಅಲೆಯನ್ನು ಕೆಡಿಸುತ್ತಿತ್ತು. ಆಂಟೆನಾವನ್ನು ಇನ್ನಷ್ಟು ಏರಿಸಬೇಕೆಂಬುದು ಎಲ್ಲರ ಸಲಹೆ. ನಾವು ಒಂದು ತುದಿಯನ್ನು ಇಳಿಸಿ, ನೀರಿನಿಂದ ಬರುವ ಅಲೆಗೆ ಮಾಳಿಗೆಯ ಪ್ಯಾರಾಪೆಟ್ ಅಡ್ಡವಾಗುವಂತೆ ಕೂರಿಸಿದೆವು. ಹೊಯ್ದಾಟ ನಾಲ್ಕೈದು ಡೆಸಿಬೆಲ್‌ಗೆ ಇಳಿಯಿತು. ಎಷ್ಟು ಅಡಿ ಇಳಿಸಬೇಕೆಂಬ ಲೆಕ್ಕವನ್ನು ನಾನಾಗಿ ಹೇಳುವುದಿಲ್ಲ, ತ್ರಿಕೋನಮಿತಿ ಬಲ್ಲವರು ತಾವೇ ಹಾಕಿಕೊಳ್ಳಬಹುದು.

ಹೊಸದಾಗಿ ತೊಡಗುವವರು ನನ್ನಷ್ಟು ಹಣ ಹಾಕಬೇಕಾಗಿಲ್ಲ. ಕೈಯಲ್ಲಿರುವ ಲ್ಯಾಪ್‌ಟಾಪ್, ಮಿರರಿಂಗ್ ಇರುವ ಐದು ಪೋರ್ಟಿನ ಸ್ವಿಚ್, ಒಂದು ಸಣ್ಣ ಮೈಕ್ರೊಟಿಕ್ ಮತ್ತು ನಂಬಿಕೆಯ ಕ್ರಿಂಪಿಂಗ್ ಟೂಲ್ ಸೇರಿ ಐದಾರು ಸಾವಿರದಲ್ಲಿ ಆಗುತ್ತದೆ. ನೆಟ್‌ವರ್ಕಿನ ಯಂತ್ರಗಳನ್ನು ಜಾಲಾಡುವ ಎನ್‌ಮ್ಯಾಪ್, ಪ್ಯಾಕೆಟ್ ಹೋಗುವ ದಾರಿ ತೋರಿಸುವ ಎಂಟಿಆರ್, ಐಪರ್ಫ್3, ವೈರ್‌ಶಾರ್ಕ್ ಎಲ್ಲವೂ ಉಚಿತ. ಎನ್‌ಮ್ಯಾಪನ್ನು ಒಪ್ಪಿಗೆಯಿಲ್ಲದ ನೆಟ್‌ವರ್ಕಿನ ಮೇಲೆ ಎಂದೂ ಓಡಿಸಬೇಡಿ. ಹುಡುಕುವವರು ಒಬ್ಬರೇ ಇದ್ದರೆ ಈ ಅಭ್ಯಾಸ ನಡೆಯದು, ದೋಷ ಇಡಲು ಇನ್ನೊಬ್ಬರು ಬೇಕೇ ಬೇಕು. ನನ್ನ ಅಳಿಯ ಈಗ ಪುಣೆಯಲ್ಲಿ ನೆಟ್‌ವರ್ಕ್ ಕೆಲಸದಲ್ಲಿದ್ದಾನೆ. ಅವನ ಜಾಗದಲ್ಲಿ ಕಲಿಯಲು ಬಂದ ಹುಡುಗರಿಬ್ಬರು ಸರದಿಯಂತೆ ಕೆಡಿಸುತ್ತಾರೆ, ಸದ್ಯ ಐಪಿಯ ಹೊಸ ಆವೃತ್ತಿಯಾದ ಐಪಿವಿ6ರ ದೋಷಗಳನ್ನು ಹಿಡಿದಿದ್ದೇವೆ.