ಟೋಕಿಯೋ ಸೆಕೆ, ನನ್ನ ಬೈಕು, ಒಂದು ಫ್ಲಾಸ್ಕ್ ಮಜ್ಜಿಗೆ

ನಾನು ರಾಯಚೂರಿನವನು. ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ನಮ್ಮೂರಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಹಾಗಾಗಿ ಟೋಕಿಯೋದಲ್ಲಿ ಆಫೀಸಿನವರು "ನಾಳೆ 35 ದಾಟುತ್ತಂತೆ, ಬೈಕ್ ತೆಗೆಯಬೇಡಿ" ಅಂದಾಗ ಒಳಗೊಳಗೇ ನಕ್ಕಿದ್ದೆ. 35 ಮುಟ್ಟಿದ ದಿನಕ್ಕೆ ಜಪಾನಿನಲ್ಲಿ ಒಂದು ಹೆಸರೇ ಇದೆ, ಮೋಶೋಬಿ. 2023ರ ಬೇಸಿಗೆಯಲ್ಲಿ ಟೋಕಿಯೋಗೆ ಅಂಥ ದಿನಗಳು 22 ಬಂದವು. ಅಲ್ಲಿಯವರೆಗೆ ಅಷ್ಟು ಬಂದಿರಲಿಲ್ಲ. ಆ 22ರಲ್ಲಿ ಒಂದು ದಿನ ನನ್ನ ನಗು ಇಳಿಯಿತು.

ಬೈಕಿನ ಬಗ್ಗೆ ಎರಡು ಮಾತು. ಸುಜುಕಿ ಜಿಕ್ಸರ್ 250. ಜಪಾನಿನ ಕಂಪನಿಯದ್ದೇ ಆದರೂ ಇದು ತಯಾರಾಗುವುದು ಭಾರತದಲ್ಲಿ, ಅಲ್ಲಿಂದ ಜಪಾನಿಗೆ ಬರುತ್ತದೆ. ನನ್ನ ಹಾಗೆಯೇ ವಲಸೆ ಬಂದ ಗಾಡಿ. 250 ಸಿಸಿ ಆರಿಸಿದ್ದಕ್ಕೆ ಲೆಕ್ಕಾಚಾರವೂ ಇತ್ತು. 125 ಸಿಸಿವರೆಗಿನ ಗಾಡಿಯನ್ನು ಎಕ್ಸ್‌ಪ್ರೆಸ್‌ವೇಗೆ ಬಿಡುವುದಿಲ್ಲ. 250 ದಾಟಿದರೆ 'ಶಾಕೆನ್' ಅನ್ನುವ ದುಬಾರಿ ತಪಾಸಣೆ ಬೆನ್ನು ಹತ್ತುತ್ತದೆ. ಇದು ಎರಡರಿಂದಲೂ ಪಾರು. ಲೈಸೆನ್ಸ್ ಬದಲಾಯಿಸಿಕೊಳ್ಳಲು 30 ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಬೈಕ್ ಓಡಿಸಿ ಎರಡು ಸಲ ಫೇಲಾದ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಆಗಸ್ಟಿನ ಒಂದು ಶನಿವಾರ. ನಾನಿರುವುದು ನಿಶಿಕಸಾಯಿ, ನಮ್ಮವರು ಜಾಸ್ತಿ ಇರುವ ಏರಿಯಾ. ಸೆತಗಾಯದಲ್ಲಿ ಗೆಳೆಯನ ಮನೆಗೆ ಊಟಕ್ಕೆ ಹೊರಟಿದ್ದೆ. ಮೆಟ್ರೋದಲ್ಲಿ ಸುಖವಾಗಿ ಹೋಗಬಹುದಿತ್ತು. ಆದರೆ ಕನ್ನಾನಾ, ಅಂದರೆ ಏಳನೇ ರಿಂಗ್ ರೋಡು, ನಮ್ಮ ಏರಿಯಾದಿಂದಲೇ ಶುರುವಾಗಿ ಊರಿನ ಉತ್ತರಕ್ಕೆ ಸುತ್ತು ಹೊಡೆದು ಸೆತಗಾಯಕ್ಕೆ ಹೋಗುತ್ತದಲ್ಲ, ಒಂದು ಸಲ ನೋಡೇಬಿಡೋಣ ಅನ್ನಿಸಿತು. ಬೆಳಗ್ಗೆ 11ಕ್ಕೆ ಬಿಟ್ಟೆ. ಅದೇ ಮೊದಲನೇ ತಪ್ಪು.

ನಮ್ಮೂರಲ್ಲಿ ಬೈಕ್ ಓಡುತ್ತಿದ್ದರೆ ಗಾಳಿ ಬಿಸಿಯಾಗಿದ್ದರೂ ಬೆವರು ಆರಿಹೋಗುತ್ತದೆ. ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಟೋಕಿಯೋದಲ್ಲಿ ಆರುವುದೇ ಇಲ್ಲ. ಗಾಳಿಯಲ್ಲಿ ಆಗಲೇ ನೀರು ತುಂಬಿಕೊಂಡಿರುತ್ತದೆ. ಅದರ ಮೇಲೆ ಕನ್ನಾನಾದಲ್ಲಿ ಸಿಗ್ನಲ್ ಮೇಲೆ ಸಿಗ್ನಲ್. ಹಿಂದೆ ಮುಂದೆ ಲಾರಿ, ಕಾಲುಗಳ ನಡುವೆ ಎಂಜಿನ್, ಕೆಳಗೆ ಕಾದ ಡಾಂಬರು. ಬೆಂಗಳೂರಾಗಿದ್ದರೆ ಸಂದಿಯಲ್ಲಿ ನುಗ್ಗಿ ಮುಂದೆ ಹೋಗಿ ನಿಲ್ಲುತ್ತಿದ್ದೆ. ಇಲ್ಲಿಯೂ ಕೆಲವರು ನುಗ್ಗುತ್ತಾರೆ. ಆದರೆ ನಿಂತ ಗಾಡಿಗಳ ಮುಂದಕ್ಕೆ ಅಡ್ಡ ತೂರಿಕೊಳ್ಳುವುದು ಕಾನೂನಿಗೆ ವಿರುದ್ಧ. ನನಗೆ ಲೈಸೆನ್ಸಿನ ಮೇಲೆ ಪ್ರಾಣ. ಸುಮ್ನೆ ಸಾಲಿನಲ್ಲಿ ನಿಂತೆ.

ಇತಬಾಶಿಯ ಯಮಾತೋಚೋ ಕ್ರಾಸ್‌ಗೆ ಬರುವಾಗ ಹನ್ನೆರಡೂವರೆ. ಅಲ್ಲಿ ಕನ್ನಾನಾ ಮತ್ತು ನಕಸೆಂದೋ ಹೆದ್ದಾರಿ ಸೇರುತ್ತವೆ, ತಲೆಯ ಮೇಲೆ ಎಕ್ಸ್‌ಪ್ರೆಸ್‌ವೇ ಹಾದುಹೋಗುತ್ತದೆ. ನೆರಳು ಸಿಕ್ಕಿತು ಅಂತ ಖುಷಿಪಟ್ಟೆ. ನೆರಳೇನೋ ಹೌದು, ಆದರೆ ಹೊಗೆ, ಧಗೆ ಎರಡೂ ಅಲ್ಲೇ ಕೂತಿದ್ದವು. ಸಿಗ್ನಲ್ಲಿನಲ್ಲಿ ಎಡಗಾಲು ಊರಿದೆ. ಮೀನಖಂಡ ಕಲ್ಲಿನಂತೆ ಹಿಡಿದುಕೊಂಡಿತು. ಬೈಕ್ ಎಡಕ್ಕೆ ವಾಲಿತು. ಹೇಗೋ ಬಲಗಾಲಿಗೆ ಭಾರ ಹಾಕಿ ನಿಲ್ಲಿಸಿಕೊಂಡೆ. ಆಮೇಲೆ ನೋಡಿದರೆ ಆ ಬೇಗೆಯಲ್ಲಿ ಕೈಯ ಮೇಲೆಲ್ಲ ರೋಮ ನಿಂತಿತ್ತು, ಚಳಿಗೆ ನಿಲ್ಲುತ್ತದಲ್ಲ, ಹಾಗೆ. ಆಗ ನಿಜವಾಗಿ ಹೆದರಿದೆ.

ಹಸಿರು ಬಿದ್ದ ಮೇಲೆ ನಿಧಾನಕ್ಕೆ ಹೋಗಿ ಪಾರ್ಕಿಂಗ್ ಇರುವ ಒಂದು ಕೊಂಬಿನಿ, ಅಂದರೆ ಎಲ್ಲ ಸಾಮಾನು ಸಿಗುವ ಸಣ್ಣ ಅಂಗಡಿಯ ಮುಂದೆ ನಿಲ್ಲಿಸಿ, ನೆಲದ ಮೇಲೆ ಕೂತುಬಿಟ್ಟೆ. ಸಿಗರೇಟು ಸೇದುತ್ತಿದ್ದ ಅಜ್ಜ ಒಬ್ಬರು ಹತ್ತಿರ ಬಂದರು. "ಓನೀಸಾನ್, ದೈಜೋಬು?" ಓನೀಸಾನ್ ಅಂದರೆ ಅಣ್ಣಾ ಅಂದ ಹಾಗೆ, ದೈಜೋಬು ಅಂದರೆ ಆರಾಮಿದ್ದೀಯಾ. ಏನು ಕುಡಿದೆ ಅಂತ ಕೇಳಿದರು. ಖಾಲಿ ಬಾಟಲಿ ತೋರಿಸಿದೆ, ಒಂದೂವರೆ ಲೀಟರ್ ಮುಗಿಚಾ, ಅಂದರೆ ಬಾರ್ಲಿ ಚಹಾ. ಅವರು ತಲೆ ಅಲ್ಲಾಡಿಸಿ ಜೇಬಿನಿಂದ ಉಪ್ಪಿನ ಪೆಪ್ಪರಮಿಂಟು ತೆಗೆದು ಅಂಗೈಗೆ ಹಾಕಿದರು. "ಶಿಯೋ, ಶಿಯೋ." ಉಪ್ಪು, ಉಪ್ಪು.

ಒಳಗೆ ಏಸಿಯಲ್ಲಿ ಕೂತು ಪೊಕಾರಿ ಸ್ವೆಟ್ ಅನ್ನುವ ಉಪ್ಪು-ಸಕ್ಕರೆ ಬೆರೆತ ಪಾನೀಯ ಎರಡು ಬಾಟಲಿ ನಿಧಾನಕ್ಕೆ ಇಳಿಸಿದೆ. ಮತ್ತೆ ಬೈಕ್ ಹತ್ತಲು ಧೈರ್ಯ ಬರಲಿಲ್ಲ. ಗೆಳೆಯನೇ ಡಬ್ಬಿ ಕಟ್ಟಿಕೊಂಡು ರೈಲಿನಲ್ಲಿ ಬಂದ. ಸಂಜೆ ಏಳಕ್ಕೆ ಮನೆ ಕಡೆ ಹೊರಟೆ. ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಆಕೆಗೆ ಆಶ್ಚರ್ಯವೇ ಆಗಲಿಲ್ಲ. "ಬರೇ ನೀರು ಕುಡದ್ರ ಹೆಂಗ? ಮಜ್ಜಿಗಿ ಕುಡದಿದ್ದಿಲ್ಲೇನು?"

ಸರಿಯಾಗಿ ಹೇಳಿದಳು. ಊರಲ್ಲಿ ಯೋಚನೆ ಮಾಡದೇ ದಿನಕ್ಕೆ ಮೂರು ಲೋಟ ಉಪ್ಪು ಮಜ್ಜಿಗೆ ಕುಡಿಯುತ್ತಿದ್ದೆ. ಬೇಸಿಗೆ ತಡೆಯುತ್ತಿದ್ದದ್ದು ನನ್ನ ಮೈಕಟ್ಟಲ್ಲ, ಆ ಮಜ್ಜಿಗೆ.

ಮುಂದಿನ ವಾರ ಸ್ವಲ್ಪ ಓದಿಕೊಂಡೆ. ಜಪಾನಿನ ಪರಿಸರ ಸಚಿವಾಲಯ ಬರೀ ಉಷ್ಣಾಂಶ ನೋಡುವುದಿಲ್ಲ, ಡಬ್ಲ್ಯುಬಿಜಿಟಿ ಅನ್ನುವ ಸೆಕೆ ಸೂಚ್ಯಂಕ ಕೊಡುತ್ತದೆ. ಬಿಸಿಲಿನಲ್ಲಿ ಅದರ ಲೆಕ್ಕ ಹೀಗೆ: ಹತ್ತರಲ್ಲಿ ಏಳು ಪಾಲು ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿಯುವ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನದು, ಎರಡು ಪಾಲು ಬಿಸಿಲಿನ ಝಳದ್ದು, ಗಾಳಿಯ ಉಷ್ಣಾಂಶದ್ದು ಬರೀ ಒಂದು ಪಾಲು. ನಾನು ಜಂಬ ಪಡುತ್ತಿದ್ದ 42 ಆ ಒಂದು ಪಾಲಿನಲ್ಲಿ ಬರುವಂಥದ್ದು! ಸೂಚ್ಯಂಕ 31 ಮುಟ್ಟಿದರೆ 'ಅಪಾಯ'. 33 ಆಗಬಹುದು ಅನ್ನಿಸಿದರೆ ಎಚ್ಚರಿಕೆ ಹೊರಡಿಸುತ್ತಾರೆ. ನಾನೀಗ ನೋಡುವುದು ಇದನ್ನೇ. 31ರ ಮೇಲಿದ್ದರೆ ಬೈಕಿನ ಕವರ್ ತೆಗೆಯುವುದಿಲ್ಲ.

ಇನ್ನೊಂದು ತಮಾಷೆ ಗೊತ್ತಾ? ಟೀವಿಯಲ್ಲಿ ಹೇಳುವ ಟೋಕಿಯೋ ಉಷ್ಣಾಂಶ ಅಳೆಯುವುದು ಅರಮನೆ ಪಕ್ಕದ ಕಿತನೊಮಾರು ಪಾರ್ಕಿನಲ್ಲಿ. ಮರ ಗಿಡ ತುಂಬಿದ ಜಾಗ. 2014ರ ಡಿಸೆಂಬರಿನಲ್ಲಿ ಓತೆಮಾಚಿಯಿಂದ ಅಲ್ಲಿಗೆ ಸಾಗಿಸಿದರು. ನಾನು ಹ್ಯಾಂಡಲ್‌ಗೆ ಒಂದು ಅಗ್ಗದ ಥರ್ಮಾಮೀಟರ್ ಕಟ್ಟಿದ್ದೇನೆ. ಟೀವಿ 34 ಅಂದ ದಿನ ಸಿಗ್ನಲ್ಲಿನಲ್ಲಿ ಅದು 40 ತೋರಿಸಿದೆ.

ಬಟ್ಟೆಯಲ್ಲೂ ಊರಿನ ಬುದ್ಧಿ ನಡೆಯಲಿಲ್ಲ. ಕಾಟನ್ ಬನಿಯನ್ ಒಮ್ಮೆ ನೆಂದರೆ ದಿನವಿಡೀ ಮೈಗೆ ಅಂಟಿಕೊಂಡೇ ಇರುತ್ತದೆ. ಈಗ ತೆಳ್ಳಗಿನ ಸಿಂಥೆಟಿಕ್ ಉದ್ದ ತೋಳಿನ ಇನ್ನರ್, ಮೇಲೆ ಪ್ಯಾಡ್ ಇರುವ ಮೆಶ್ ಜಾಕೆಟ್. ಸೆಕೆ ಅಂತ ಜಾಕೆಟ್ ಬಿಟ್ಟು ಟೀ ಶರ್ಟಿನಲ್ಲಿ ಹೋಗುವವರನ್ನು ನೋಡುತ್ತೇನೆ, ನನಗೆ ಆ ಎದೆಗಾರಿಕೆ ಇಲ್ಲ. ಕೊಂಬಿನಿಯಲ್ಲಿ ಬೇಸಿಗೆಗೆ ಗಡ್ಡೆಕಟ್ಟಿದ ಪಾನೀಯದ ಬಾಟಲಿ ಸಿಗುತ್ತದೆ. ಅದಕ್ಕೆ ಟವೆಲ್ ಸುತ್ತಿ ಟ್ಯಾಂಕ್ ಬ್ಯಾಗಿನಲ್ಲಿ ಇಟ್ಟುಕೊಂಡು, ಉದ್ದ ಸಿಗ್ನಲ್ ಬಂದಾಗ ಕುತ್ತಿಗೆಗೆ ಒತ್ತಿಕೊಳ್ಳುತ್ತೇನೆ. ಕರಗಿದಷ್ಟೂ ಕುಡಿಯಬಹುದು. ಕುತ್ತಿಗೆಗೆ ಹಾಕುವ ತಣ್ಣನೆ ಬಳೆಯೂ ಕೊಂಡೆ. ಅದು ಹೆಲ್ಮೆಟ್ಟಿಗೆ ತಾಗಿ ತಲೆ ತಿರುಗಿಸಲು ಬಿಡುವುದಿಲ್ಲ, ದುಡ್ಡು ದಂಡ.

ಎಕ್ಸ್‌ಪ್ರೆಸ್‌ವೇನಲ್ಲಿ ಸಿಗ್ನಲ್ ಇಲ್ಲವಲ್ಲ, ಅದೇ ಮದ್ದು ಅಂದುಕೊಂಡು ಇನ್ನೊಂದು ದಿನ ಶಿಬುಯಾ ಕಡೆಯಿಂದ ಬರುವಾಗ ಓಹಾಶಿ ಜಂಕ್ಷನ್ನಿನಲ್ಲಿ ಯಮಾತೆ ಸುರಂಗಕ್ಕೆ ಇಳಿದೆ. ಒಟ್ಟು 18.2 ಕಿಲೋಮೀಟರ್, ಜಪಾನಿನ ಅತಿ ಉದ್ದದ ರಸ್ತೆ ಸುರಂಗ. ನೆಲದಡಿ ಬಾವಿಯಂತೆ ತಂಪಿರುತ್ತದೆ ಅನ್ನುವುದು ನನ್ನ ಎಣಿಕೆ. ಇಳಿದರೆ ಭಟ್ಟಿ! ಸಾವಿರಾರು ಗಾಡಿಗಳ ಬಿಸಿಯುಸಿರು ಅಲ್ಲೇ ಸುತ್ತುತ್ತಿರುತ್ತದೆ. ಥರ್ಮಾಮೀಟರ್ 43. ನಡುವೆ ಟ್ರಾಫಿಕ್ ನಿಂತಿದ್ದರೆ ಏನು ಗತಿ ಅಂತ ಯೋಚಿಸುತ್ತಲೇ ಓಯಿವರೆಗೆ ಬಂದೆ. ಮುಂದೆ ಸಮುದ್ರದಡಿಯ ಇನ್ನೊಂದು ಸುರಂಗ ದಾಟಿ ಕೊಲ್ಲಿಯ ಗಾಳಿ ಮುಖಕ್ಕೆ ಬಡಿದಾಗ ಹೆಲ್ಮೆಟ್ಟಿನೊಳಗೇ ಜೋರಾಗಿ ಕೂಗಿದೆ.

ಈಗ ಬೇಸಿಗೆಯಲ್ಲಿ ನನ್ನ ಸವಾರಿ ಏನಿದ್ದರೂ ಬೆಳಗಿನ ಜಾವ. ಜುಲೈ ಕೊನೆಗೆ ಇಲ್ಲಿ ಸೂರ್ಯ ಐದಕ್ಕೆ ಮುಂಚೆಯೇ ಹುಟ್ಟುತ್ತಾನೆ. ನಾಲ್ಕೂವರೆಗೆ ಹೊರಟರೆ ತೊಯೋಸು ಮೀನು ಮಾರ್ಕೆಟ್ಟಿನ ಲಾರಿಗಳು, ಟ್ಯಾಕ್ಸಿಗಳು, ಗಿಂಜಾದಲ್ಲಿ ಕಸದ ಚೀಲ ಕುಕ್ಕುವ ಕಾಗೆಗಳು, ಅಷ್ಟೇ. ತಂಪೇನೂ ಇರುವುದಿಲ್ಲ, 27 ಇರುತ್ತದೆ. ಆದರೆ ಗಾಡಿ ಓಡುತ್ತಲೇ ಇರುತ್ತದೆ, ನಿಲ್ಲುವ ಪ್ರಸಂಗ ಕಡಿಮೆ. ಏಳರೊಳಗೆ ಮನೆಗೆ ವಾಪಸ್.

ಜೊತೆಗೆ ಫ್ಲಾಸ್ಕ್. ಸಿಹಿ ಇಲ್ಲದ ಮೊಸರು, ನೀರು, ಉಪ್ಪು, ಜಜ್ಜಿದ ಶುಂಠಿ. ನಿಶಿಕಸಾಯಿ ಅಂಗಡಿಯಲ್ಲಿ ಸಿಕ್ಕರೆ ಕರಿಬೇವು. ಹೋದ ತಿಂಗಳು ವಕಾಸು ಕಡಲ ತೀರದ ಪಾರ್ಕಿನಲ್ಲಿ ಗೇಟ್ ಬ್ರಿಜ್ ನೋಡುತ್ತಾ ಕುಡಿಯುತ್ತಿದ್ದೆ. ಗಾಳ ಹಾಕಿ ಕೂತಿದ್ದ ಒಬ್ಬರು ಏನದು ಅಂತ ಕೇಳಿದರು. "ನೋಮು ಯೋಗುರುತೊ", ಕುಡಿಯುವ ಮೊಸರು, ಅಂದೆ. ಇಲ್ಲಿ ಆ ಹೆಸರಿನಲ್ಲಿ ಸಿಗುವುದೆಲ್ಲ ಸಿಹಿ. ಮುಚ್ಚಳದಲ್ಲಿ ಸ್ವಲ್ಪ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಶಿಯೋ?"

"ಹೈ, ಶಿಯೋ."

ಸ್ವಲ್ಪ ಹೊತ್ತು ಸಮುದ್ರ ನೋಡಿದರು. ಆಮೇಲೆ ಮುಚ್ಚಳ ಮತ್ತೆ ಮುಂದೆ ಹಿಡಿದರು.