ಅಪ್ಪನ ಚೆಕ್‌ರೋಲ್‌ನಿಂದ ಆಬ್ಜೆಕ್ಟ್ ಕಲಿಯುವ ದಾರಿ

ಆಲ್ದೂರಿನ ಕಡೆಯ ಒಂದು ಕಾಫಿ ತೋಟದಲ್ಲಿ ನನ್ನ ಅಪ್ಪ ರೈಟರ್, ಎಂದರೆ ಲೆಕ್ಕ ಬರೆಯುವವರು, ಆಗಿದ್ದರು. ಕೊಯ್ಲಿನ ದಿನಗಳಲ್ಲಿ ಸಂಜೆಯಾಯಿತೆಂದರೆ ಕಣದ ಪಕ್ಕದಲ್ಲಿ ತಕ್ಕಡಿ ತೂಗುಹಾಕುತ್ತಿದ್ದರು. ಹಣ್ಣಿನ ಚೀಲ ಹೊತ್ತವರು ಸಾಲಾಗಿ ಬರುತ್ತಿದ್ದರು. ಮೇಸ್ತ್ರಿ ತೂಕ ಕೂಗುತ್ತಿದ್ದರು, ಅಪ್ಪ ಅದನ್ನು ಹಾಜರಿ ಮತ್ತು ಕೂಲಿಯ ಲೆಕ್ಕವಿಡುವ ಚೆಕ್‌ರೋಲ್ ಪುಸ್ತಕದಲ್ಲಿ ಅವರವರ ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದರು. ವಾರದ ಕೊನೆಗೆ ಮುಂಗಡ ಕಳೆದು ಬಟವಾಡೆ. ಇಷ್ಟೇ ಲೆಕ್ಕ. ಆದರೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ (ಮಾಹಿತಿಯನ್ನೂ ಅದರ ಮೇಲಿನ ಕೆಲಸವನ್ನೂ ಒಂದೇ ಕಟ್ಟಾಗಿಸಿ ಪ್ರೋಗ್ರಾಂ ಬರೆಯುವ ರೀತಿ) ಮತ್ತು ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಜೋಡಿಸಿಡುವ ಕ್ರಮ) ಕಲಿಯಲು ನನಗೆ ಇದಕ್ಕಿಂತ ಒಳ್ಳೆಯ ಪಠ್ಯ ಇದುವರೆಗೆ ಸಿಕ್ಕಿಲ್ಲ.

ಈಗ ಚಿಕ್ಕಮಗಳೂರಿನಲ್ಲಿ ನಮ್ಮ ಮನೆಯ ಮುಂಗೋಣೆಯಲ್ಲಿ ಸಂಜೆ ಹೊತ್ತು ಕೆಲವು ಹುಡುಗ ಹುಡುಗಿಯರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಹೊಸದಾಗಿ ಬಂದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಮೇಡಂ, ಇನ್ಹೆರಿಟೆನ್ಸ್ ಎಂದರೆ ಏನು ಎಂದು ಕೇಳಿದರೆ ಬಾಯಿಪಾಠ ಹೇಳುತ್ತೇನೆ. ಆದರೆ ಖಾಲಿ ಪರದೆಯ ಮುಂದೆ ಕುಳಿತರೆ ಒಂದು ಸಾಲೂ ಹೊಳೆಯುವುದಿಲ್ಲ." ತಪ್ಪು ಅವರದಲ್ಲ. ಯಾವ ತೊಂದರೆಗೆ ಇದು ಪರಿಹಾರ ಎಂಬುದನ್ನು ತೋರಿಸುವ ಮೊದಲೇ ಅವರ ಕೈಗೆ ಪರಿಹಾರ ಕೊಟ್ಟುಬಿಟ್ಟಿರುತ್ತಾರೆ. ಜೊತೆಗೆ ಆಬ್ಜೆಕ್ಟ್ ಒಂದು ವಿಷಯ, ಡೇಟಾ ಸ್ಟ್ರಕ್ಚರ್ ಇನ್ನೊಂದು ವಿಷಯ ಎಂದು ಎರಡು ಸೆಮಿಸ್ಟರ್‌ಗಳಿಗೆ ಹಂಚಿರುತ್ತಾರೆ. ಆಬ್ಜೆಕ್ಟ್ ಹುಟ್ಟಿದ ಜಾಗದಲ್ಲಿ ಅವು ಹೀಗೆ ಬೇರೆಯಾಗಿರಲಿಲ್ಲ. 1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನಿಗಾರ್ಡ್ ಸಿಮುಲಾ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದ್ದು ನಿಜಜಗತ್ತಿನ ವ್ಯವಸ್ಥೆಗಳನ್ನು, ಸರದಿ ಸಾಲುಗಳಂಥವನ್ನು, ಕಂಪ್ಯೂಟರಿನೊಳಗೆ ನಡೆಸಿ ನೋಡಲು. ಕ್ಲಾಸ್ (ಒಂದು ಅಚ್ಚು) ಮತ್ತು ಆಬ್ಜೆಕ್ಟ್ (ಆ ಅಚ್ಚಿನಿಂದ ಮಾಡಿದ ಒಂದೊಂದು ವಸ್ತು) ಬಂದದ್ದು ಅಲ್ಲಿಂದ. ಸಿಮುಲಾ 67ರಲ್ಲಿ ಪಟ್ಟಿಗಳನ್ನು ನಿಭಾಯಿಸಲೆಂದೇ ಸಿಮ್‌ಸೆಟ್ ಎಂಬ ಕ್ಲಾಸ್ ಕೂಡ ಇತ್ತು. ಸಾಲಿನಲ್ಲಿ ನಿಂತವರೂ ಅವರು ನಿಂತ ಸಾಲೂ ಅಲ್ಲಿ ಒಟ್ಟಿಗೇ ಇದ್ದವು, ನಮ್ಮ ಕಣದಲ್ಲಿ ಇದ್ದಂತೆ.

ಮೊದಲು ಕಂಪ್ಯೂಟರಿಗೆ ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಳ್ಳಿ. ವೇರಿಯಬಲ್, ಇಫ್, ಲೂಪ್, ಫಂಕ್ಷನ್ ಇವು ಕೈಗೆ ಹತ್ತುವವರೆಗೆ ಕ್ಲಾಸ್ ಕಡೆ ತಲೆ ಹಾಕಬೇಡಿ. ದಿನಕ್ಕೊಂದು ಗಂಟೆ ಕುಳಿತರೆ ಮೂರು ನಾಲ್ಕು ವಾರ ಸಾಕು. ಇಂಗ್ಲಿಷ್ ಕಷ್ಟವೆನಿಸುವವರಿಗೆ ಒಂದು ಅನುಕೂಲವಿದೆ: ಪೈಥಾನ್ 3ರಲ್ಲಿ ನೀವು ಇಡುವ ಹೆಸರುಗಳು ಕನ್ನಡ ಲಿಪಿಯಲ್ಲೇ ಇರಬಹುದು. ಭಾಷೆಯ ಸ್ವಂತ ಪದಗಳಾದ ಕ್ಲಾಸ್, ಡೆಫ್ ಮುಂತಾದವು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ‘ಕೆಲಸಗಾರ’, ‘ತೂಕ’, ‘ಮುಂಗಡ’ ಎಂಬ ಹೆಸರುಗಳು ಚೆನ್ನಾಗಿ ನಡೆಯುತ್ತವೆ. ‘ಚೆಕ್‌ರೋಲ್’ ನಡೆಯುವುದಿಲ್ಲ. ಅದರ ‘ರೋ’ ಹಿಂದಿನ ‘ಕ್’ಗೆ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿರುತ್ತದೆ, ಪೈಥಾನ್ ಅದನ್ನು ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ‘ಹಾಜರಿ’ ಎಂದು ಬರೆಯಿರಿ, ಕೆಲಸ ಮುಂದುವರಿಯುತ್ತದೆ.

ಈಗ ಕ್ಲಾಸ್ ಇಲ್ಲದೆಯೇ ಲೆಕ್ಕ ಬರೆಯಿರಿ. ಹೆಸರುಗಳದ್ದೊಂದು ಲಿಸ್ಟ್, ತೂಕಗಳದ್ದೊಂದು, ಮುಂಗಡದ್ದೊಂದು. ನಾನು ಮೊದಲ ಸಲ ಮಾಡಿದ್ದೂ ಹೀಗೆಯೇ. ಎಲ್ಲ ಸರಿಯಾಗಿಯೇ ಇತ್ತು. ನೋಡಲು ಚೆನ್ನಾಗಿರಲಿ ಎಂದು ಒಂದು ದಿನ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದೆ. ಹೆಸರುಗಳು ಜಾಗ ಬದಲಿಸಿದವು, ತೂಕಗಳು ಇದ್ದಲ್ಲೇ ಉಳಿದವು. ಒಬ್ಬರು ಕೊಯ್ದ ಹಣ್ಣಿನ ಕೂಲಿ ಇನ್ನೊಬ್ಬರ ಹೆಸರಿಗೆ ಹೋಯಿತು. ಕಂಪ್ಯೂಟರ್ ಒಂದು ತಪ್ಪನ್ನೂ ತೋರಿಸಲಿಲ್ಲ. ನೀವೂ ಇದನ್ನು ಬೇಕೆಂದೇ ಮಾಡಿ ನೋಡಿ. ಒಬ್ಬರಿಗೆ ಸೇರಿದ್ದೆಲ್ಲ ಒಂದೇ ಕಡೆ ಕಟ್ಟಿಟ್ಟಿರಬೇಕು ಎಂದು ನಿಮಗೇ ಅನಿಸಬೇಕು. ಆ ಕಟ್ಟೇ ಆಬ್ಜೆಕ್ಟ್.

ಚೆಕ್‌ರೋಲ್ ಪುಸ್ತಕದಲ್ಲಿ ಅಚ್ಚಾದ ಖಾಲಿ ಸಾಲು ಇರುತ್ತದಲ್ಲ, ಹೆಸರು, ದಿನವಾರು ತೂಕ, ಮುಂಗಡ ಎಂಬ ಕಲಮುಗಳ ಸಾಲು, ಅದು ಕ್ಲಾಸ್. ಅಪ್ಪ ಪೆನ್ನಿನಿಂದ ತುಂಬಿದ ಒಂದೊಂದು ಸಾಲೂ ಒಂದೊಂದು ಆಬ್ಜೆಕ್ಟ್. ಎಲ್ಲರೂ ಎಡವುವ ‘ಸೆಲ್ಫ್’ ಎಂಬ ಪದಕ್ಕೆ, ಈಗ ಪೆನ್ನು ಯಾರ ಸಾಲಿನ ಮೇಲಿದೆಯೋ ಆ ಸಾಲು ಎಂದು ಅರ್ಥ. ಸಾಲಿನೊಳಗೆ ಮಾಹಿತಿ ಮಾತ್ರವಲ್ಲ, ಆ ಮಾಹಿತಿಯ ಮೇಲೆ ನಡೆಯುವ ಕೆಲಸವೂ ಇರಲಿ: ‘ತೂಕ_ಬರೆ’ ಒಂದು, ‘ಕೂಲಿ’ ಒಂದು. ಸೊನ್ನೆಗಿಂತ ಕಡಿಮೆ ತೂಕ ಬಂದರೆ ‘ತೂಕ_ಬರೆ’ ಒಪ್ಪಬಾರದು. ಪುಸ್ತಕಕ್ಕೆ ರೈಟರ್ ಒಬ್ಬರೇ ಕೈಹಾಕಬೇಕು ಎಂದು ಅಪ್ಪ ಹಟ ಹಿಡಿಯುತ್ತಿದ್ದುದಕ್ಕೂ ಎನ್‌ಕ್ಯಾಪ್ಸುಲೇಷನ್‌ಗೂ ಕಾರಣ ಒಂದೇ: ಒಳಗಿನ ಮಾಹಿತಿಯನ್ನು ಹೊರಗಿನವರು ನೇರವಾಗಿ ಮುಟ್ಟದಂತೆ ಕಾಯುವುದು.

ಇಲ್ಲಿ ಒಂದು ಗುಂಡಿ ಇದೆ, ನನ್ನ ಹತ್ತಿರ ಕಲಿಯಲು ಬಂದ ಬಹುತೇಕ ಎಲ್ಲರೂ ಅದರಲ್ಲಿ ಕಾಲಿಟ್ಟಿದ್ದಾರೆ. ತೂಕಗಳ ಖಾಲಿ ಲಿಸ್ಟನ್ನು, ಪ್ರತಿ ಆಬ್ಜೆಕ್ಟ್ ಹುಟ್ಟುವಾಗ ನಡೆಯುವ ‘ಇನಿಟ್’ ಒಳಗೆ ಬರೆಯುವ ಬದಲು, ಅದರ ಮೇಲೆ, ನೇರ ಕ್ಲಾಸ್‌ನ ಮೈಯಲ್ಲಿ ಬರೆದುಬಿಡುತ್ತಾರೆ. ಮೂವರು ಕೆಲಸಗಾರರನ್ನು ಮಾಡಿ, ಒಬ್ಬರಿಗೆ 42 ಕಿಲೋ, ಇನ್ನೊಬ್ಬರಿಗೆ 38, ಮತ್ತೊಬ್ಬರಿಗೆ 51 ಎಂದು ಬರೆಯುತ್ತಾರೆ. ಮೊತ್ತ ಕೇಳಿದರೆ ಮೂವರದ್ದೂ 131. ಕಿಲೋಗೆ 5 ರೂಪಾಯಿ ಎಂದಿಟ್ಟುಕೊಂಡರೆ 210 ರೂಪಾಯಿ ಸಿಗಬೇಕಾದವರಿಗೆ 655. ಆಗಿರುವುದೇನೆಂದರೆ, ಲಿಸ್ಟ್ ಹುಟ್ಟಿದ್ದೇ ಒಂದು, ಮೂರೂ ಸಾಲುಗಳು ಅದೇ ಒಂದು ಲಿಸ್ಟಿನ ಕಡೆಗೆ ಬೆರಳು ತೋರಿಸುತ್ತಿವೆ. ‘ಇನಿಟ್’ ಒಳಗೆ ಬರೆದರೆ ಪ್ರತಿ ಕೆಲಸಗಾರ ಹುಟ್ಟುವಾಗಲೂ ಹೊಸ ಲಿಸ್ಟ್ ಹುಟ್ಟುತ್ತದೆ.

ಇದನ್ನು ಹೇಳಿದರೆ ಅರ್ಥವಾಗುವುದಿಲ್ಲ, ಬರೆದು ನೋಡಬೇಕು. ಕಾಗದದ ಮೇಲೆ ಪ್ರತಿ ಆಬ್ಜೆಕ್ಟಿಗೆ ಒಂದು ಚೌಕ, ಪ್ರತಿ ಲಿಸ್ಟಿಗೆ ಒಂದು ಚೌಕ, ಯಾವುದು ಯಾವುದನ್ನು ಹಿಡಿದಿದೆ ಎಂದು ತೋರಿಸಲು ಬಾಣ. ಪ್ರೋಗ್ರಾಂ ಒಂದೊಂದು ಸಾಲು ಮುಂದೆ ಹೋದಂತೆ ಬಾಣಗಳನ್ನು ತಿದ್ದುತ್ತ ಹೋಗಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ನಾನು ಬಾಣ ಎಳೆಯಲು ಕಲಿತದ್ದು ಆ ಸಂಜೆಗಳಲ್ಲೇ. ಅಂತರ್ಜಾಲದಲ್ಲಿ ಪೈಥಾನ್ ಟ್ಯೂಟರ್ ಎಂಬ ಉಚಿತ ತಾಣ ಇದೇ ಚಿತ್ರವನ್ನು ತಾನೇ ಬರೆದು ತೋರಿಸುತ್ತದೆ. ಮೊದಲು ನೀವು ಬರೆಯಿರಿ, ಆಮೇಲೆ ಅದರೊಂದಿಗೆ ತಾಳೆ ನೋಡಿ.

ಇನ್ಹೆರಿಟೆನ್ಸ್, ಎಂದರೆ ಒಂದು ಕ್ಲಾಸಿನ ಗುಣಗಳನ್ನು ಪಡೆದು ಇನ್ನೊಂದು ಕ್ಲಾಸ್ ಹುಟ್ಟುವುದು, ಅದರ ಬಗ್ಗೆ ಆತುರ ಬೇಡ. ಕಿಲೋ ಲೆಕ್ಕದವರು, ದಿನಗೂಲಿಯವರು ಎಂದು ಎರಡು ಬಗೆ ಇದ್ದಾರಲ್ಲ, ‘ಕೆಲಸಗಾರ’ನಿಂದ ಎರಡು ಮಕ್ಕಳ ಕ್ಲಾಸ್ ಮಾಡಿದರಾಯಿತು ಎಂದು ನನಗೂ ಅನಿಸಿತ್ತು. ಅಪ್ಪನಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೊಯ್ಲಿನಲ್ಲಿ ಕಿಲೋ ಲೆಕ್ಕಕ್ಕೆ ಬಂದವಳೇ ಮಳೆಗಾಲದಲ್ಲಿ ಕಳೆ ತೆಗೆಯಲು ದಿನಗೂಲಿಗೆ ಬರುತ್ತಾಳಲ್ಲ, ಆಗ ಏನು ಮಾಡುತ್ತೀಯ?" ಮನುಷ್ಯರು ಬದಲಾಗಿಲ್ಲ, ಕೂಲಿಯ ಕ್ರಮ ಬದಲಾಗಿದೆ. ಹಾಗಾಗಿ ಕೂಲಿಯ ಕ್ರಮವನ್ನೇ ಬೇರೆ ಆಬ್ಜೆಕ್ಟ್ ಮಾಡಿ ಕೆಲಸಗಾರರ ಕೈಗೆ ಕೊಡಿ. ಬೇಕಾದಾಗ ಅದನ್ನು ಬದಲಿಸಬಹುದು. ‘ಈ ವಾರ ಎಷ್ಟು?’ ಎಂದು ಯಾವ ಕ್ರಮವನ್ನು ಕೇಳಿದರೂ ಅದು ತನ್ನ ರೀತಿಯಲ್ಲಿ ಉತ್ತರ ಕೊಡುತ್ತದೆ. ಪಾಲಿಮಾರ್ಫಿಸಂ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇದೇ. ಕ್ಲಾಸ್ ಮಾಡುವ ಮೊದಲು ಆ ಕೆಲಸ ದಿನವೂ ಮಾಡುವವರ ಹತ್ತಿರ ಐದು ನಿಮಿಷ ಮಾತಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಆಬ್ಜೆಕ್ಟ್‌ಗಳು ಆದವು. ಇನ್ನು ಇವನ್ನೆಲ್ಲ ಎಲ್ಲಿ ಇಡುವುದು? ಡೇಟಾ ಸ್ಟ್ರಕ್ಚರ್ ಶುರುವಾಗುವುದೇ ಈ ಪ್ರಶ್ನೆಯಿಂದ. ಲಿಸ್ಟಿನಲ್ಲಿಟ್ಟರೆ ಒಬ್ಬರನ್ನು ಹುಡುಕಲು ಮೊದಲಿನಿಂದ ನೋಡುತ್ತ ಬರಬೇಕು. ಎಂಬತ್ತು ಜನರಿದ್ದರೆ ಅದು ಕಷ್ಟವೇ ಅಲ್ಲ. ಹತ್ತು ಲಕ್ಷ ಹೆಸರುಗಳಿದ್ದರೆ ಹತ್ತು ಲಕ್ಷದವರೆಗೂ ನೋಡಬೇಕಾಗಬಹುದು. ಅವು ಕ್ರಮವಾಗಿ ಜೋಡಿಸಿದ್ದರೆ, ನಡುವಿನದನ್ನು ನೋಡಿ ಅರ್ಧ ಬಿಡುತ್ತ ಹೋಗುವ ಬೈನರಿ ಸರ್ಚ್‌ಗೆ ಸುಮಾರು 20 ಸಲ ನೋಡಿದರೆ ಸಾಕು. ಈ ವ್ಯತ್ಯಾಸವನ್ನು ಓದಿ ನಂಬಬೇಡಿ. ಎರಡನ್ನೂ ಬರೆದು, ಎಷ್ಟು ಸಲ ಹೋಲಿಸಿತು ಎಂದು ಎಣಿಸುವ ಒಂದು ವೇರಿಯಬಲ್ ಇಟ್ಟು ನೋಡಿ.

ಒಂದು ಗುರುತು ಕೊಟ್ಟರೆ ಅದಕ್ಕೆ ಸೇರಿದ್ದನ್ನು ನೇರವಾಗಿ ತೆಗೆದುಕೊಡುವ ಡಿಕ್ಷನರಿ ಎಂಬುದೂ ಇದೆ, ಅದರ ಒಳಗುಟ್ಟು ಇನ್ನೂ ಚೆಂದ. ಹತ್ತು ಡಬ್ಬಿಗಳಿವೆ ಎಂದುಕೊಳ್ಳಿ. ಪ್ರತಿ ಕೆಲಸಗಾರರಿಗೂ ಗುರುತಾಗಿ ಕೊಟ್ಟ ಸಂಖ್ಯೆಯನ್ನು ಹತ್ತರಿಂದ ಭಾಗಿಸಿ, ಉಳಿದ ಶೇಷವೇ ಡಬ್ಬಿಯ ಸಂಖ್ಯೆ. 147 ಏಳನೆಯ ಡಬ್ಬಿಗೆ. 37 ಕೂಡ ಅಲ್ಲಿಗೇ, ಹಾಗಾಗಿ ಆ ಡಬ್ಬಿಯೊಳಗೆ ಮಾತ್ರ ಸ್ವಲ್ಪ ಹುಡುಕಾಟ. ಡಬ್ಬಿಗಳು ಕಿಕ್ಕಿರಿದರೆ ಹೆಚ್ಚು ಡಬ್ಬಿ ತಂದು ಎಲ್ಲವನ್ನೂ ಮತ್ತೆ ಹಂಚಬೇಕು. ಎರಡು ಸಂಜೆ ಕುಳಿತು ಲಿಸ್ಟ್‌ಗಳ ಲಿಸ್ಟಿನಿಂದ ಇದನ್ನು ನೀವೇ ಕಟ್ಟಿ. ಪೈಥಾನಿನ ಡಿಕ್ಷನರಿಯಲ್ಲಿ ವಿವರಗಳು ಬೇರೆ, ಮೂಲ ಉಪಾಯ ಇದೇ. ಒಂದು ಎಚ್ಚರಿಕೆ: ಹುಡುಕುವ ಗುರುತಾಗಿ, ಎಂದರೆ ಕೀ ಆಗಿ, ಹೆಸರನ್ನು ಇಡಬೇಡಿ. ತೋಟದಲ್ಲಿ ಇಬ್ಬರು ಲಕ್ಷ್ಮಿಯರಿದ್ದರೆ ಎರಡನೆಯವರು ಬರುತ್ತಲೇ ಮೊದಲನೆಯವರು ಸದ್ದಿಲ್ಲದೆ ಅಳಿಸಿಹೋಗುತ್ತಾರೆ. ಅಪ್ಪ ದೊಡ್ಡ ಲಕ್ಷ್ಮಿ, ಚಿಕ್ಕ ಲಕ್ಷ್ಮಿ ಎಂದು ಬರೆಯುತ್ತಿದ್ದರು. ನೀವು ಸಂಖ್ಯೆ ಕೊಡಿ.

ಉಳಿದವಕ್ಕೆ ತೋಟದಲ್ಲೇ ಉದಾಹರಣೆಗಳಿವೆ. ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಚೀಲಗಳು ಸ್ಟ್ಯಾಕ್. ಕೊನೆಗೆ ಇಟ್ಟದ್ದೇ ಮೊದಲು ಕೈಗೆ ಬರುತ್ತದೆ. ತಪ್ಪಾಗಿ ಬರೆದ ತೂಕವನ್ನು ಹಿಂದೆ ತೆಗೆಯುವ ಸೌಲಭ್ಯಕ್ಕೆ ಅದನ್ನು ಬಳಸಿ. ತಕ್ಕಡಿಯ ಮುಂದಿನ ಸಾಲು ಕ್ಯೂ. ಪೈಥಾನಿನ ಲಿಸ್ಟಿನ ತಲೆಯಿಂದ ಒಂದನ್ನು ತೆಗೆದರೆ ಹಿಂದಿನವೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿಯಬೇಕಾಗುತ್ತದೆ, ಆದ್ದರಿಂದ ಕ್ಯೂಗೆ, ಎರಡು ತುದಿಯಿಂದಲೂ ಸುಲಭವಾಗಿ ತೆಗೆಯಬಲ್ಲ ‘ಡೆಕ್’ ಎಂಬುದನ್ನು ಬಳಸಿ. ಒಂದೊಂದೂ ತನ್ನ ಮುಂದಿನದಕ್ಕೆ ಬಾಣ ತೋರಿಸುವ ಲಿಂಕ್ಡ್ ಲಿಸ್ಟನ್ನು ಒಮ್ಮೆ ಕೈಯಾರೆ ಬರೆಯಿರಿ, ಬಾಣದ ಚಿತ್ರ ಬಂದವರಿಗೆ ಅದು ಒಂದು ದಿನದ ಕೆಲಸ. ಟ್ರೀ ಸ್ವಲ್ಪ ತಡವಾಗಿ ಬರಲಿ: ತೋಟ, ಅದರೊಳಗೆ ಬ್ಲಾಕ್‌ಗಳು, ಬ್ಲಾಕ್‌ಗಳೊಳಗೆ ಪಟ್ಟೆಗಳು. ಇಡೀ ತೋಟದ ತೂಕ ಕೇಳಿದರೆ ತೋಟ ಬ್ಲಾಕ್‌ಗಳನ್ನು ಕೇಳುತ್ತದೆ, ಬ್ಲಾಕ್ ಪಟ್ಟೆಗಳನ್ನು ಕೇಳುತ್ತದೆ. ಒಂದು ಕೆಲಸ ತನ್ನನ್ನೇ ಮತ್ತೆ ಕರೆಯುವ ರಿಕರ್ಷನ್ ಅಲ್ಲೇ ಅರ್ಥವಾಗುತ್ತದೆ.

ನಿಮ್ಮ ಮನೆಯಲ್ಲಿ ಚೆಕ್‌ರೋಲ್ ಇಲ್ಲದಿದ್ದರೆ ಹಾಲಿನ ಡೈರಿಯ ಲೆಕ್ಕವಾಗಲಿ, ಸ್ವಸಹಾಯ ಸಂಘದ ಉಳಿತಾಯ ಪುಸ್ತಕವಾಗಲಿ ಆದೀತು. ನಿಮಗೆ ಒಳಹೊರಗು ಗೊತ್ತಿರುವ ಪುಸ್ತಕವಾಗಿರಬೇಕು. ಪ್ರೋಗ್ರಾಂ ಮುಗಿಯಿತು ಎನಿಸಿದಾಗ ಅದರ ಒಂದು ಹಳೆಯ ವಾರದ ಪುಟ ತೆಗೆದು, ಎಲ್ಲ ಸಂಖ್ಯೆಗಳನ್ನೂ ತುಂಬಿ, ಬಟವಾಡೆಯ ಮೊತ್ತ ಕೇಳಿ. ಕಾಗದದ ಮೊತ್ತಕ್ಕೂ ಪರದೆಯ ಮೊತ್ತಕ್ಕೂ ಒಂದು ರೂಪಾಯಿ ವ್ಯತ್ಯಾಸ ಬಂದರೂ ಬಿಡಬೇಡಿ, ಒಬ್ಬೊಬ್ಬರ ಸಾಲನ್ನೂ ತಾಳೆ ನೋಡಿ. ನನ್ನ ಮೊದಲ ತಾಳೆಯಲ್ಲಿ 18 ರೂಪಾಯಿ ಹೆಚ್ಚುಕಡಿಮೆ ಬಂದಿತ್ತು. ಇಡೀ ರಾತ್ರಿ ಪ್ರೋಗ್ರಾಂ ಜಾಲಾಡಿದೆ. ಬೆಳಿಗ್ಗೆ ಅಪ್ಪ ಕನ್ನಡಕ ಹಾಕಿಕೊಂಡು ಪುಸ್ತಕ ನೋಡಿ, ಒಂದು ಸಾಲಿನಲ್ಲಿ ತಾವೇ ಕೂಡಿದ್ದು ತಪ್ಪಾಗಿದೆ ಎಂದು ಪೆನ್ನು ಕೇಳಿದರು.